ಬೇಡ ಬೋಲ್ಡಕ್‌ನ ಕಾಳಿನ ಗುಂಡಿ

ಠಣ್ ಎಂದು ಒಂದು ಸದ್ದು, ಅದರ ಬೆನ್ನಿಗೇ ಮಣ್ಣು ಜರಿಯುವ ಸದ್ದು. ಸ್ವಲ್ಪ ಬಿಡುವು. ಮತ್ತೆ ಠಣ್.

ಜುಲೈ ತಿಂಗಳ ಆ ಶುಕ್ರವಾರ ಬೆಳಿಗ್ಗೆ ರೈತಭವನದ ಹಿಂದಿನ ಹುಲ್ಲುಬಯಲಿನಿಂದ ಸಲಿಕೆ ಕಲ್ಲಿಗೆ ತಾಗುವ ಈ ಸದ್ದು ಕೇಳಿಬಂದಾಗ ನಮ್ಮ ಟೆನ್ನಿ ಮಿಲ್ಸ್ ಊರು ನೆಮ್ಮದಿಯ ಉಸಿರು ಬಿಟ್ಟಿತು. ಅಂಚೆಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

"ಕೇಳಿಸ್ತಾ? ಬೇಡ ಬೋಲ್ಡಕ್ ಗುಂಡಿ ತೋಡ್ತಾ ಇದಾನೆ. ನಾನು ಹೇಳಿರ್ಲಿಲ್ವಾ? ಮುದುಕನ ಬಾಯಿ ಕೆಟ್ಟದ್ದು ಅಷ್ಟೇ, ನಮ್ಮನ್ನ ಉಪವಾಸ ಕೆಡವಲ್ಲ."

ಮಾರ್ಚ್ ತಿಂಗಳಲ್ಲಿ ಇದೇ ಜನ ಹೂಂ ಅಂದು ಆ ಗುಂಡಿಯನ್ನು ನಿಷೇಧಿಸಿದ್ದರು. ಈಗ ನಾಳೆ ಸಂಜೆಯ ಊಟಕ್ಕೆ ತಟ್ಟೆ ತೊಳೆದಿಟ್ಟುಕೊಂಡು ಕಾಯುತ್ತಿದ್ದರು. ಲೂಸಿಯನ್ ಬೋಲ್ಡಕ್ ಈ ವರ್ಷ ಕಾಳು ಬೇಯಿಸುತ್ತಾನೋ ಇಲ್ಲವೋ ಎಂಬುದೊಂದೇ ನಾಲ್ಕು ತಿಂಗಳಿಂದ ಊರಿನ ಹೊಟ್ಟೆಯಲ್ಲಿ ಕೂತಿದ್ದ ಚಿಂತೆ.

ನಾನು ಅವನ ಪಕ್ಕದ ಮನೆಯವಳು. ನನ್ನ ಮನೆಯ ಹೊಗೆಗೂಡು ಅವನು ಕಟ್ಟಿದ್ದು. ಊರಿನ ಅರ್ಧ ಹೊಗೆಗೂಡುಗಳೂ ಅವನವೇ. ಎಪ್ಪತ್ತು ದಾಟಿ ಬಹಳ ವರ್ಷವಾದರೂ ಅವನ ಅಂಗೈ ಇನ್ನೂ ಇಟ್ಟಿಗೆಯ ಹಾಗೇ ಇದೆ. ಅವನ ಅಪ್ಪ ಉತ್ತರದ ಕಾಡುಗಳಲ್ಲಿ ಮರ ಕಡಿಯುವವರ ಬಿಡಾರದಲ್ಲಿ ಅಡುಗೆಯವನಾಗಿದ್ದ. ಎದೆಯುದ್ದದ ಗುಂಡಿ ತೋಡಿ, ಸುತ್ತ ಹೊಳೆಯ ಕಲ್ಲು ಕಟ್ಟಿ, ಒಳಗೆ ಗಟ್ಟಿಮರ ಉರಿಸಿ, ಅದು ಕೆಂಡವಾದ ಮೇಲೆ ಕಬ್ಬಿಣದ ಹಂಡೆ ಇಳಿಸಿ ಮಣ್ಣು ಮುಚ್ಚುವುದು. ಹಂಡೆಯೊಳಗೆ ಹಳದಿ ಕಣ್ಣಿನ ಬಿಳಿ ಕಾಳು, ಉಪ್ಪು ಹಾಕಿದ ಹಂದಿಕೊಬ್ಬು, ಕಾಕಂಬಿ, ಒಂದಿಡೀ ಈರುಳ್ಳಿ. ಮರುದಿನ ಮಣ್ಣು ಸರಿಸಿ ಮುಚ್ಚಳ ತೆಗೆದರೆ ಬರುವ ಆ ಪರಿಮಳಕ್ಕೆ, ಎರಡು ಚುನಾವಣೆಗಳಿಂದ ಮಾತು ಬಿಟ್ಟವರೂ ಒಂದೇ ಬೆಂಚಿನ ಮೇಲೆ ಒತ್ತರಿಸಿಕೊಂಡು ಕೂರುತ್ತಿದ್ದರು. ಅಪ್ಪ ಸತ್ತ ಮೇಲೆ ಲೂಸಿಯನ್ ಪ್ರತಿ ಬೇಸಿಗೆಯೂ ಅದನ್ನು ಊರಿಗೆ ಮಾಡಿಕೊಟ್ಟ. ಯಾರೂ ಹೇಳಿ ಮಾಡಿಸಿದ್ದಲ್ಲ. ಯಾರಾದರೂ ಹೇಳಿದ್ದರೆ ಅವನು ಮಾಡುತ್ತಲೇ ಇರಲಿಲ್ಲ.

'ಬೇಡ' ಎಂಬುದು ಊರು ಕೊಟ್ಟ ಹೆಸರು. ನಮ್ಮ ನ್ಯೂ ಹ್ಯಾಂಪ್‌ಶೈರಿನಲ್ಲಿ ಮಾರ್ಚ್ ಬಂದರೆ ಊರಸಭೆ. ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ಊರೆಲ್ಲ ಮಡಿಚುವ ಕುರ್ಚಿಗಳ ಮೇಲೆ ಕೂತು, ಪ್ರತಿಯೊಂದು ಖರ್ಚಿಗೂ ಪ್ರತಿಯೊಂದು ನಿಯಮಕ್ಕೂ ಬಾಯಿಬಿಟ್ಟು ಹೂಂ ಅಥವಾ ಬೇಡ ಅನ್ನಬೇಕು. ಹೊರಗಿನವರ ಮುಂದೆ ನಾವು ಇದನ್ನು ಕೊಚ್ಚಿಕೊಳ್ಳುತ್ತೇವೆ. ಪೊಲೀಸರಿಗೆ ಹೊಸ ಕಾರು ಎಂದರೆ ಲೂಸಿಯನ್ ಎದ್ದು ನಿಂತು "ಬೇಡ" ಎನ್ನುತ್ತಿದ್ದ. ಪ್ರವಾಸಿಗಳಿಗೆ ಸ್ವಾಗತಫಲಕ, ಬೇಡ. ಒಂದು ವರ್ಷ ಅವನದೇ ಮಣ್ಣುರಸ್ತೆಗೆ ಊರಿನ ಖರ್ಚಿನಲ್ಲಿ ಡಾಂಬರು ಹಾಕಿಸುವ ಮಾತು ಬಂತು. ಅದಕ್ಕೂ ಬೇಡ ಅಂದ. ಪ್ರತಿ ವಸಂತದಲ್ಲೂ ಅವನ ಟ್ರಕ್ಕು ಕೆಸರಿನಲ್ಲಿ ಹೂತುಹೋಗುತ್ತದೆ. ಅದನ್ನು ತಾನೇ ಎತ್ತುತ್ತಾನೆ.

ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಸರಕಾರ ಅವನನ್ನು ಕರೆಸಿ ವಿಯೆಟ್ನಾಮಿಗೆ ಕಳಿಸಿತ್ತು.

"ಅವತ್ತು ಬೇಡ ಅನ್ನೋಕೆ ಬಿಡ್ಲಿಲ್ಲ ಕಣಮ್ಮ," ಅಂದ. "ಅವತ್ತಿನ ಬೇಡವನ್ನ ಈಗ ಕಂತಿನ ಮೇಲೆ ಅಂತಾ ಇದೀನಿ."

ಆದರೆ ಅವನ ತಿರಸ್ಕಾರದ ನಿಜವಾದ ಬೇರು ಯುದ್ಧದಲ್ಲಿರಲಿಲ್ಲ, ಅಡುಗೆಮನೆಯಲ್ಲಿತ್ತು. ಅವನ ಹೆಂಡತಿ ಸಿಮೋನ್ ನೆರೆಹೊರೆಯ ಹೆಂಗಸರಿಗೆ ತನ್ನ ಅಡುಗೆಮನೆಯಲ್ಲೇ ಕೂದಲು ಕತ್ತರಿಸುತ್ತಿದ್ದಳು. ಯಾರೋ ದೂರು ಕೊಟ್ಟರು. ಪರವಾನಗಿ ಇಲ್ಲದೆ ಕತ್ತರಿ ಹಿಡಿಯಬಾರದು, ಪರವಾನಗಿ ಬೇಕಾದರೆ ದೂರದ ಪಟ್ಟಣಕ್ಕೆ ಹೋಗಿ ತಿಂಗಳುಗಟ್ಟಲೆ ಕಲಿಯಬೇಕು ಎಂದು ಒಬ್ಬ ಅಧಿಕಾರಿ ಬಂದು ಹೇಳಿಹೋದ. ಸಿಮೋನ್ ಕುರ್ಚಿಯನ್ನು ಕೊಟ್ಟಿಗೆಗೆ ಹಾಕಿದಳು. ಮುಂದಿನ ವಾರವೇ ಅದೇ ಹೆಂಗಸರು ಹಿಂಬಾಗಿಲು ತಟ್ಟಿದರು. "ಯಾರಿಗೂ ಹೇಳಲ್ಲ ಸಿಮೋನ್, ಒಂಚೂರು ತುದಿ ಕತ್ತರಿಸು." ಮೃದು ಮನಸ್ಸಿನ ಆ ಹೆಂಗಸು ಸಾಯುವವರೆಗೂ ಹಗಲು ಹೊತ್ತಿನಲ್ಲೇ ಪರದೆ ಎಳೆದುಕೊಂಡು ಕೂದಲು ಕತ್ತರಿಸಿದಳು. ಕಾರಿನ ಸದ್ದಾದರೆ ಕತ್ತರಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಅಡಗಿಸುತ್ತಿದ್ದಳು. ಅವಳು ಹೋದ ಮೇಲೆ ಲೂಸಿಯನ್ ಮಾಡಿದ ಮೊದಲ ಕೆಲಸವೆಂದರೆ ಆ ಪರದೆಯನ್ನು ಕಿತ್ತು ಒಲೆಗೆ ಹಾಕಿದ್ದು.

ಈ ವರ್ಷದ ಊರಸಭೆಯಲ್ಲಿ ನಾನು ಬಾಗಿಲ ಬಳಿಯ ಮೇಜಿನಲ್ಲಿ ಸೇಬಿನ ಪೈ ಮಾರುತ್ತಿದ್ದೆ. ನನ್ನ ಮನೆಯ ಒಲೆಯಲ್ಲೇ ಬೇಯಿಸಿದ್ದು. ಸಭೆ ಎಂದಿನಂತೆ ಎರಡು ಪಾಲಾಗಿ ಕೂತಿತ್ತು: ದೇಶದ ಈಗಿನ ಅಧ್ಯಕ್ಷರನ್ನು ಬೈಯುವವರು ಈ ಕಡೆ, ಹೊಗಳುವವರು ಆ ಕಡೆ. ಈ ಕಡೆಯ ಮುಂದಾಳು ನಿವೃತ್ತ ಶಿಕ್ಷಕಿ ಮೆರೆಡಿತ್ ಕೋಲ್. ಅವರ ಅಂಗಳದಲ್ಲಿ 'ನಮಗೆ ರಾಜರು ಬೇಡ' ಎಂಬ ಫಲಕ ಇದೆ, ಗಾಳಿಮಳೆಗೆ ಬಣ್ಣ ಹೋದಾಗಲೆಲ್ಲ ಹೊಸದು ನೆಡುತ್ತಾರೆ. ಆ ಕಡೆಯ ಮುಂದಾಳು ಹಿಮ ಎತ್ತುವ ಗುತ್ತಿಗೆಯ ರಿಕ್ ಪೆಲ್ಟಿಯರ್. ಅವನ ಟ್ರಕ್ಕಿನ ಹಿಂದೆ ಹಳದಿ ಬಾವುಟ, ಅದರಲ್ಲಿ ಸುತ್ತಿಕೊಂಡ ಹಾವು, ಕೆಳಗೆ 'ನನ್ನನ್ನು ತುಳಿಯಬೇಡ' ಎಂಬ ಬರಹ. ಟ್ರಕ್ಕಿನ ನಂಬರ್ ಫಲಕದ ಮೇಲೆ, ನಮ್ಮೆಲ್ಲರ ಗಾಡಿಗಳ ಮೇಲಿರುವಂತೆ, ಸ್ವತಂತ್ರವಾಗಿ ಬದುಕು ಇಲ್ಲವೇ ಸಾಯಿ ಎಂಬ ರಾಜ್ಯದ ಘೋಷಣೆ. ಆ ತಗಡುಗಳನ್ನು ಒತ್ತುವವರು ಜೈಲಿನ ಕೈದಿಗಳು. ಇದನ್ನು ಲೂಸಿಯನ್ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗುತ್ತಾನೆ. ಬೇರೆ ಯಾರಿಗೂ ನಗು ಬರುವುದಿಲ್ಲ.

ಕಾರ್ಯಪಟ್ಟಿಯ ಹದಿನಾರನೆಯ ವಿಷಯಕ್ಕೆ ಮಧ್ಯಾಹ್ನವೆಲ್ಲ ಹೋಯಿತು. ವಾಷಿಂಗ್ಟನ್ನಿನವರು ಪರದೇಶದ ಸಾಮಾನಿನ ಮೇಲೆ ಹಾಕಿದ ಸುಂಕವನ್ನು ಟೆನ್ನಿ ಮಿಲ್ಸ್ ಖಂಡಿಸಬೇಕೋ ಕೊಂಡಾಡಬೇಕೋ! ನಮ್ಮೂರಿನ ಅಭಿಪ್ರಾಯಕ್ಕಾಗಿ ರಾಜಧಾನಿ ತುದಿಗಾಲಲ್ಲಿ ನಿಂತಿದೆ ಎಂಬಂತೆ ಜನ ಕೂಗಾಡಿದರು. ಹಿಂದಿನ ಅಧ್ಯಕ್ಷರು ಸುಂಕ ಹಾಕಿದಾಗ ತುಟಿ ಬಿಚ್ಚದ ಮೆರೆಡಿತ್ ಈಗ ಬಡವರ ಹೆಸರು ಹೇಳಿ ಗಂಟಲು ಕಟ್ಟಿಸಿಕೊಂಡರು. ಕೆನಡಾದಿಂದ ತರಿಸುವ ತನ್ನ ಹಿಮ ತಳ್ಳುವ ಬ್ಲೇಡಿಗೆ ದುಪ್ಪಟ್ಟು ತೆತ್ತ ರಿಕ್, ಅದೇ ದೇಶಭಕ್ತಿ ಎಂದು ಎದೆ ತಟ್ಟಿಕೊಂಡ.

ಲೂಸಿಯನ್ ಎದ್ದ. "ಅವರ ರಾಜ ಜೇಬಿಗೆ ಕೈ ಹಾಕಿದ್ರೆ ಕಳ್ಳತನ, ನಿಮ್ಮ ರಾಜ ಹಾಕಿದ್ರೆ ಪುಣ್ಯ. ಜೇಬು ಯಾರದ್ದು ಅಂತ ಒಬ್ಬರಾದ್ರೂ ಕೇಳ್ತೀರೇನ್ರೋ?"

"ಕೂತ್ಕೊಳಯ್ಯಾ ಬೇಡಪ್ಪ!" ಎಂದು ಎರಡೂ ಕಡೆಯವರು ಕೂಗಿದರು. ಆ ದಿನ ಅವರು ಒಗ್ಗಟ್ಟಾಗಿ ಮಾಡಿದ ಮೊದಲ ಕೆಲಸ ಅದು.

ಎರಡನೆಯದು ಹದಿನೇಳನೆಯ ವಿಷಯ. ಊರಿನ ಜಾಗದಲ್ಲಿ ಬಯಲು ಬೆಂಕಿ ಹಾಕಬಾರದು. ತಪಾಸಣೆಯಾಗದ ಅಡುಗೆಯನ್ನು ಸಾರ್ವಜನಿಕರಿಗೆ ಕೊಡಬಾರದು, ಮಾರಬಾರದು. ಮಂಡಿಸಿದವರು ಮೆರೆಡಿತ್. ಅನುಮೋದಿಸಿದವನು, ಆಶ್ಚರ್ಯ, ರಿಕ್. ಅಷ್ಟು ಹೊತ್ತಿಗೆ ಜನ ಕೋಟು ಹಾಕಿಕೊಳ್ಳುತ್ತಿದ್ದರು. ಸಭೆ ನಡೆಸುತ್ತಿದ್ದ ಹೋರೇಸ್ ಹ್ಯಾಚ್ ಗಡಿಯಾರ ನೋಡುತ್ತಿದ್ದ.

ಲೂಸಿಯನ್ ಮತ್ತೆ ಎದ್ದ. ಈ ಸಲ ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. "ರೈತಭವನದ ಹಿಂದಿನ ಬಯಲು ಊರಿನ ಜಾಗ. ನನ್ನ ಗುಂಡಿ ಅಲ್ಲಿರೋದು. ಇದನ್ನ ಪಾಸು ಮಾಡಿದ್ರೆ ಕಾಳು ಇಲ್ಲ. ಅರ್ಥ ಆಯ್ತಾ? ಮೊದಲೇ ಹೇಳ್ತಾ ಇದೀನಿ."

"ಅವನದ್ದು ಯಾವಾಗ್ಲೂ ಇದ್ದಿದ್ದೇ," ಅಂದ ಯಾರೋ. ನಗು ಎದ್ದಿತು.

"ರಿಕ್, ಬಾಯಲ್ಲಿರೋದು ಏನು?" ಎಂದು ಲೂಸಿಯನ್ ಕೇಳಿದ.

"ಪೈ."

"ಅದನ್ನ ತಪಾಸಣೆ ಮಾಡಿದವರು ಯಾರು?"

ರಿಕ್ ನುಂಗಿಕೊಂಡು ನಕ್ಕ. "ನಾನೇ ಕಣಯ್ಯಾ, ಈಗ ತಾನೇ!" ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗುವಿನಲ್ಲೇ ಹ್ಯಾಚ್ ಮತಕ್ಕೆ ಹಾಕಿದ. ಹೂಂ ಎಂಬ ಸದ್ದು ಕ್ರೀಡಾಂಗಣದ ಮಾಡಿಗೆ ತಾಗಿ ಬಂತು. ಬೇಡ ಎಂಬ ದನಿ ಒಂದೇ ಒಂದು. ನನ್ನ ಮೇಜಿನ ಮೇಲೆ ಒಂದು ತುಂಡು ಪೈ ಉಳಿದಿರಲಿಲ್ಲ.

ಇಷ್ಟಾದ ಮೇಲೂ ಊರು ನಂಬಿತ್ತು: ನಿಯಮ ನಿಯಮದ ಪಾಡಿಗಿರುತ್ತದೆ, ಲೂಸಿಯನ್ ಲೂಸಿಯನ್ನನ ಪಾಡಿಗೆ ಕಾಳು ಬೇಯಿಸುತ್ತಾನೆ. ಆದ್ದರಿಂದಲೇ ಸಲಿಕೆಯ ಸದ್ದಿಗೆ ಅಷ್ಟು ಸಂತೋಷ. ರಿಕ್ ಟ್ರಕ್ಕು ನಿಲ್ಲಿಸಿ ಬಯಲಿಗೆ ನಡೆದ. ಮೆರೆಡಿತ್ ಅಂಚೆಕಚೇರಿಯಿಂದಲೇ ಬಂದರು. ನಾನೂ ಹೋದೆ.

ಕಲ್ಲುಗಳೆಲ್ಲ ಮೇಲೆ ಬಂದಿದ್ದವು. ಅಪ್ಪನ ಕಾಲದ ಹೊಳೆಗಲ್ಲುಗಳು, ಬೆಂಕಿ ಕುಡಿದು ಕುಡಿದು ಕಪ್ಪಾಗಿ, ಕೈಗಾಡಿಯಲ್ಲಿ ಮಲಗಿದ ಕರುಗಳ ಹಾಗೆ ಒತ್ತೊತ್ತಾಗಿದ್ದವು. ಲೂಸಿಯನ್ ಬರಿದಾದ ಗುಂಡಿಗೆ ಮಣ್ಣು ತಳ್ಳುತ್ತಿದ್ದ.

"ಏನಯ್ಯಾ ಇದು?" ರಿಕ್ ನಿಂತಲ್ಲೇ ನಿಂತ. "ತೋಡೋದು ಬಿಟ್ಟು ಮುಚ್ತಾ ಇದೀಯಾ?"

"ಕಣ್ಣು ಚೆನ್ನಾಗಿದೆ ನಿಂಗೆ."

"ಲೂಸಿಯನ್, ನಾಳೆ ಅಕ್ಕಪಕ್ಕದ ಊರುಗಳಿಂದಲೂ ಜನ ಬರ್ತಾರೆ," ಅಂದರು ಮೆರೆಡಿತ್. "ಅವರಿಗೆ ಏನು ಬಡಿಸೋದು?"

"ಹದಿನೇಳನೇ ವಿಷಯ ಬಡಿಸಿ. ಬಿಸಿಬಿಸಿ ಇದೆ."

"ಅದು ನಿನಗೆ ಅಂತ ಮಾಡಿದ್ದಲ್ಲ ಮಾರಾಯ," ರಿಕ್ ದನಿ ತಗ್ಗಿಸಿದ. "ಶನಿವಾರ ಶನಿವಾರ ಕೆರೆ ಹತ್ರ ಗಾಡಿ ನಿಲ್ಲಿಸಿ ತಿಂಡಿ ಮಾರ್ತಾನಲ್ಲ, ಆ ಹೊರಗಿನವನು, ಅವನಿಗೆ."

ಮೆರೆಡಿತ್ ತಿರುಗಿದರು. "ತಿಂಡಿಗಾಡಿಗಾ? ಅವರು ಪಾಪ ಎಷ್ಟು ಒಳ್ಳೆಯವರು! ನಾನು ಬರೆದಿದ್ದು ನಿಮ್ಮ ಗನ್ ಕ್ಲಬ್ಬಿನವರು ಹಂದಿ ಸುಟ್ಟು ಊರೆಲ್ಲ ಹೊಗೆ…" ಎಂದವರು ಅಲ್ಲಿಗೇ ನಿಲ್ಲಿಸಿದರು.

ಇಬ್ಬರೂ ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡಿದರು. ಲೂಸಿಯನ್ ಸಲಿಕೆಗೆ ಒರಗಿ ನಿಂತು, ಬಹಳ ಹೊತ್ತು, ಶಬ್ದವಿಲ್ಲದೆ ನಕ್ಕ.

"ನೋಡಿದ್ಯಾ," ಅಂದ ನನಗೆ. "ಇವರು ಗನ್ ಕ್ಲಬ್ಬಿನವರಿಗೆ ಅಂತ ಬಲೆ ಹಾಕಿದ್ರು, ಅವನು ತಿಂಡಿಗಾಡಿಯವನಿಗೆ ಅಂತ ಹಾಕ್ದ. ಹಾವಿನ ಬಾವುಟದವನು, ರಾಜರು ಬೇಡ ಅನ್ನೋವರು. ಇಬ್ಬರಿಗೂ ತುಳಿಯೋಕೆ ಒಂದು ಬೆನ್ನು ಬೇಕು ಅಷ್ಟೇ. ಯಾರದ್ದಾದ್ರೂ ಆದೀತು."

"ಆಯ್ತಪ್ಪ, ತಪ್ಪಾಯ್ತು," ಅಂದ ರಿಕ್. "ಸುಮ್ನೆ ಮಾಡ್ಬಿಡು. ಯಾರು ಬಂದು ಹಿಡೀತಾರೆ? ಪೊಲೀಸಿನವನು ನನ್ನ ತಂಗಿ ಮಗ. ಈ ಕಡೆ ತಿರುಗಿಯೂ ನೋಡಲ್ಲ."

ಲೂಸಿಯನ್ನನ ನಗು ಹೋಯಿತು. "ಅವನು ನೋಡದೇ ಇರೋ ದಯೆಯಿಂದ ನಾನು ಕಾಳು ಬೇಯಿಸ್ಬೇಕು. ಸಿಮೋನ್ ಹಾಗೆ ಬದುಕಿದ್ಲು. ನಿನ್ನ ಹೆಂಡತಿ ಬರ್ತಾ ಇದ್ಲು ರಿಕ್, ಹಿಂಬಾಗಿಲಿಂದ. ಮೆರೆಡಿತ್, ನೀವೂ ಬರ್ತಿದ್ರಿ. ಹಗಲಲ್ಲೇ ಪರದೆ ಎಳೀತಿದ್ಲು ಅವಳು. ಹೇಳ್ರಿ, ಈ ಗುಂಡಿಗೆ ಪರದೆ ಎಲ್ಲಿ ಕಟ್ಟಲಿ?"

ಅವನು ಕೊನೆಯ ಮಣ್ಣನ್ನು ತಳ್ಳಿ, ಅದರ ಮೇಲೆ ನಿಂತು, ಬೂಟಿನಿಂದ ತುಳಿದು ಗಟ್ಟಿ ಮಾಡಿದ. ತಾನು ಕಟ್ಟಿದ ಗೋಡೆಯನ್ನು ಸವರಿ ನೋಡುವ ಹಾಗೆ ಬಗ್ಗಿ ಒಮ್ಮೆ ಅಂಗೈಯಿಂದ ಸವರಿದ. ಅದನ್ನು ನೋಡಲಾಗದೆ ನಾನು ಬೇರೆ ಕಡೆ ನೋಡಿದೆ.

"ನಿಮಗೆ ವಿನಾಯಿತಿ ಕೊಡಿಸ್ತೀವಿ," ಮೆರೆಡಿತ್‌ರ ದನಿ ಮತ್ತೆ ತರಗತಿಯ ದನಿಯಾಗಿತ್ತು. "ಪರಂಪರೆಯ ಅಡುಗೆ ಅಂತ ಒಂದು ಅರ್ಜಿ…"

"ತಿಂಡಿಗಾಡಿಯವನಿಗೂ ಕೊಡಿಸ್ತೀರಾ? ಹಂದಿ ಸುಡೋರಿಗೆ?"

"ಅದು ಬೇರೆ ವಿಷಯ ಲೂಸಿಯನ್. ನೀವು ನಮ್ಮವರು."

"ಅಂಗಳದ ಫಲಕ ಕಿತ್ತುಹಾಕಿ ಹಾಗಾದ್ರೆ. ತಮ್ಮವರಿಗೆ ವರ ಕೊಡೋದು ರಾಜರ ಕೆಲಸ ಕಣ್ರೀ."

ಅವನು ಸಲಿಕೆಯನ್ನು ಕಲ್ಲುಗಳ ಮೇಲೆ ಅಡ್ಡ ಇಟ್ಟು ಕೈಗಾಡಿಯ ಹಿಡಿಗಳನ್ನು ಎತ್ತಿದ. ಭಾರಕ್ಕೆ ಗಾಲಿ ಒಮ್ಮೆ ಹುಲ್ಲಿನಲ್ಲಿ ಇಳಿಯಿತು, ಆಮೇಲೆ ಉರುಳಿತು.

"ಕಲ್ಲು ಎಲ್ಲಿಗೆ?" ರಿಕ್ ಬೆನ್ನು ಹತ್ತಿದ. "ನಿನ್ನ ಹಿತ್ತಿಲಿಗಾ? ಅಲ್ಲಿ ಬೇಯಿಸ್ತೀಯಾ? ಹಾಗಾದ್ರೆ ನಾವು ಅಲ್ಲಿಗೇ…"

"ನನ್ನ ಹಿತ್ತಿಲು, ನನ್ನ ಬೆಂಕಿ, ನನ್ನ ತಟ್ಟೆ. ನೀವು ಸಾರ್ವಜನಿಕರು ಕಣಯ್ಯಾ. ಸಾರ್ವಜನಿಕರಿಗೆ ಬಡಿಸೋ ಹಾಗಿಲ್ಲ."

"ದಯವಿಟ್ಟು ಕೇಳಿ," ಮೆರೆಡಿತ್ ಹುಲ್ಲಿನ ಮೇಲೆ ದಾಪುಗಾಲು ಹಾಕಿದರು. "ಮುಂದಿನ ಮಾರ್ಚ್‌ನಲ್ಲಿ ಇದನ್ನ ತಿದ್ದಬಹುದು. ಅಷ್ಟರಲ್ಲಿ ಒಂದು ಉಪಸಮಿತಿ ಮಾಡೋಣ. ಅದರಲ್ಲಿ ನಿಮ್ಮನ್ನೂ ಒಬ್ಬ ಸದಸ್ಯರಾಗಿ ಸೇರಿಸಿಕೊಂಡು, ಮೊದಲ ಹಂತದಲ್ಲಿ ನಾವು…"

ಲೂಸಿಯನ್ ಬೋಲ್ಡಕ್ ತನ್ನ ಮಣ್ಣುರಸ್ತೆಯ ಕಡೆಗೆ ತಿರುಗಿ ಆಗಲೇ ಅರ್ಧ ಬಯಲು ದಾಟಿದ್ದ.