ಕೆರೆ ಹಸಿರಾದ ವರ್ಷ

ಪಾಚಿ ಎಂಬ ಪದವನ್ನು ನಾನು ಮೊದಲು ಕಲಿತದ್ದು ಬೈಗುಳವಾಗಿ. ಮುಳಬಾಗಿಲಿನ ನಮ್ಮ ಮನೆಯ ಬಚ್ಚಲುಕಲ್ಲಿನ ಮೇಲೆ ಹಸಿರು ತೇಪೆ ಮೂಡಿತೆಂದರೆ ಅಮ್ಮ ತೆಂಗಿನ ನಾರು ಹಿಡಿದು ಕೂರುತ್ತಿದ್ದಳು. ಜಾರಿ ಬಿದ್ದವರು ಪಾಚಿಯನ್ನು ಬೈಯಬೇಕೋ, ಕಲ್ಲನ್ನು ಉಜ್ಜದವರನ್ನು ಬೈಯಬೇಕೋ ಎಂಬ ಚರ್ಚೆಯಲ್ಲಿ ನಮ್ಮ ಎಷ್ಟೋ ಬೆಳಗುಗಳು ಕಳೆದಿವೆ. ಆ ಮನೆಯ ಹುಡುಗಿ ಮುಂದೆ ಜೀವಶಾಸ್ತ್ರ ಓದಿ, ತೊಂಬತ್ತರ ದಶಕದಲ್ಲಿ ಸುಗಟೂರಿನ ಆಚೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ಹೋದಳು. ಕಡಲಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ತೇಲುತ್ತವೆ, ಅವಕ್ಕೆ ಸಸ್ಯಪ್ಲವಕ ಎಂದು ಹೆಸರು, ನಾವು ಉಸಿರಾಡುವ ಪ್ರಾಣವಾಯುವಿನ ದೊಡ್ಡ ಪಾಲು ಅವುಗಳ ಕೊಡುಗೆ ಎಂದು ಎಂಟು ವರ್ಷ ಪಾಠ ಮಾಡಿದೆ. ಕಡಲನ್ನೂ ನೋಡಿರಲಿಲ್ಲ, ಪ್ಲವಕವನ್ನೂ ನೋಡಿರಲಿಲ್ಲ. ಪಾಠ ಮಾಡುವುದಕ್ಕೆ ಇವೆರಡೂ ಬೇಕಾಗಿರಲಿಲ್ಲ, ನೋಡಿ!

ಆ ಹಳ್ಳಿಯ ಕೆರೆಯಲ್ಲಿ ಮೀನು ಸಾಕಲು ಐದು ಜನ ಹೆಂಗಸರು ಗುತ್ತಿಗೆ ಹಿಡಿದಿದ್ದರು. ಅವರ ಮುಂದಾಳು ಯಲ್ಲಮ್ಮ. ಐವತ್ತರ ಆಸುಪಾಸಿನ, ಗಟ್ಟಿ ದನಿಯ, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ಹೆಂಗಸು. ಬೆರಳುದ್ದದ ಮರಿಗಳನ್ನು ತಂದು ಬಿಟ್ಟು, ಒಂದು ವರ್ಷ ಕಾದು, ಇನ್ನೇನು ಬಲೆ ಹಾಕಬೇಕು ಎನ್ನುವಾಗ ಕೆರೆ ಹಸಿರಾಯಿತು. ಸೊಪ್ಪು ಅರೆದು ಕಲಸಿಟ್ಟ ಹಾಗಿನ ದಟ್ಟ ಹಸಿರು. ಮೂರು ದಿನ ಬಿಡದೆ ಮೋಡ ಕವಿದಿತ್ತು. ನಾಲ್ಕನೆಯ ಬೆಳಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ದಡದುದ್ದಕ್ಕೂ ತೇಲುತ್ತಿದ್ದವು.

ಶಾಲೆಗೆ ಹೊರಟವಳು ಗದ್ದಲ ಕೇಳಿ ಏರಿಯ ಮೇಲೆ ಹೋದೆ. ಯಲ್ಲಮ್ಮ ನೀರಿನಂಚಿನಲ್ಲಿ ಕೂತು, ಸತ್ತ ಮೀನೊಂದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಅದರ ಬೆನ್ನು ಸವರುತ್ತಿದ್ದಳು. ಕೂಗಾಡುತ್ತಿದ್ದವರು ಉಳಿದವರು. "ನಾರಾಯಣಪ್ಪಂದೇ ಕೆಲಸ. ಮೊನ್ನೆ ಹುಳುಮನೆ ತೊಳ್ದು ಬ್ಲೀಚಿಂಗ್ ಪೌಡರ್ ನೀರನ್ನ ಕಾಲುವೆಗೆ ಬಿಟ್ಟವ್ನೆ. ಡೇರಿಲಿ ಅವನ ಹಾಲು ಹಾಕಿಸ್ಕೋಬಾರ್ದು!"

ನಾರಾಯಣಪ್ಪ ಕೆರೆಯ ಮೇಲಿನ ತೋಟದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದವರು. ಕಾಲುವೆಯ ನೀರಿಗಾಗಿ ಯಲ್ಲಮ್ಮನ ಜೊತೆ ಅವರಿಗೆ ಹಳೆಯ ಜಗಳವಿತ್ತು; ಅನುಮಾನಕ್ಕೆ ಅಷ್ಟು ಸಾಕಾಯಿತು. ಅವರು ಗುಂಪಿನ ನಡುವೆ ನಿಂತು ಹೇಳಿದ್ದು ಒಂದೇ ಮಾತು. "ತೊಳ್ದಿದ್ದು ನಿಜ ಕಣಮ್ಮ. ಪ್ರತಿ ಬೆಳೆಗೂ ತೊಳೀತೀನಿ. ಸಾಯಿಸ್ಬೇಕು ಅಂತ ಅಲ್ಲ."

ನಾನು ಹೊರಗಿನವಳು, ಬಾಯಿ ಹಾಕುವ ಅಗತ್ಯವಿರಲಿಲ್ಲ. ಆದರೆ ದಡದಲ್ಲಿ ಕಪ್ಪೆಗಳು ಆರಾಮಾಗಿ ಕುಪ್ಪಳಿಸುತ್ತಿದ್ದವು, ಬಸವನಹುಳುಗಳು ನೀರು ಬಿಟ್ಟು ಕಲ್ಲು ಹತ್ತಿದ್ದವು. ಮೀನನ್ನು ಕೊಲ್ಲುವ ವಿಷ ಇವನ್ನೇಕೆ ಬಿಟ್ಟಿತು? "ಯಲ್ಲಮ್ಮ, ಮೀನು ನಿನ್ನೆ ಹೆಂಗಿದ್ವು?" ಎಂದು ಕೇಳಿದೆ. "ಎರಡು ದಿನದಿಂದ ಬೆಳಕು ಹರಿಯೋ ಹೊತ್ಗೆ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು ಟೀಚರಮ್ಮ," ಎಂದಳು. ಕುಡಿಯುವ ನೀರಿನ ಬಾಟಲಿ ಖಾಲಿ ಮಾಡಿ ಅದರಲ್ಲಿ ಕೆರೆಯ ನೀರು ತುಂಬಿಕೊಂಡೆ.

ಶಾಲೆಯ ಸೂಕ್ಷ್ಮದರ್ಶಕವನ್ನು ತಪಾಸಣೆಗೆ ಬಂದವರಿಗೆ ತೋರಿಸಲು ಮಾತ್ರ ಹೊರತೆಗೆಯುತ್ತಿದ್ದೆವು. ಅಂದು ಕಿಟಕಿಯ ಬೆಳಕಿಗೆ ಅದನ್ನಿಟ್ಟು ಒಂದು ಹನಿ ನೋಡಿದೆ. ಉಂಗುರ, ಸರ, ದೋಣಿ, ನಕ್ಷತ್ರ; ಹಸಿರು ಮಣಿಗಳು ಒಂದನ್ನೊಂದು ತಳ್ಳುತ್ತ ಕಿಕ್ಕಿರಿದಿದ್ದವು. ಎಂಟು ವರ್ಷ ಯಾರ ಬಗ್ಗೆ ಮಾತಾಡಿದ್ದೆನೋ ಅವರ ಬಂಧುಗಳನ್ನು ಮೊದಲ ಸಲ ಮುಖತಃ ಕಂಡ ನನಗೆ, ಹೊರಗೆ ಅಷ್ಟು ದುಃಖವಿರುವಾಗ, ನಾಚಿಕೆಯಾಗುವಷ್ಟು ಸಂತೋಷವಾಯಿತು.

ಯಲ್ಲಮ್ಮನನ್ನೂ ನಾರಾಯಣಪ್ಪನವರನ್ನೂ ಊರಿನ ನಾಲ್ಕು ಹಿರಿಯರನ್ನೂ ಶಾಲೆಗೆ ಕರೆಸಿದೆ. ಯಲ್ಲಮ್ಮ ಒಂದು ಕಣ್ಣು ಮುಚ್ಚಿ ನೋಡಿದಳು. "ಅಯ್ಯೋ, ಓಡಾಡ್ತವಲ್ಲಮ್ಮ!"

"ಬ್ಲೀಚಿಂಗ್ ಪೌಡರ್ ಅಷ್ಟು ಸೇರಿದ್ರೆ ಮೊದಲು ಸಾಯ್ಬೇಕಾದ್ದು ಇವು," ಎಂದೆ. ಬಿಸಿಲಿದ್ದಾಗ ಇವು ನೀರಿಗೆ ಪ್ರಾಣವಾಯು ಕೊಡುತ್ತವೆ. ಬಿಸಿಲಿಲ್ಲದಾಗ ಇವೂ ನಮ್ಮಂತೆ ಅದನ್ನು ಬಳಸುತ್ತವೆ. ಇಷ್ಟೊಂದು ಹೆಚ್ಚಾದ ಮೇಲೆ ಮೋಡ ಕವಿದರೆ, ಬೆಳಗಿನ ಹೊತ್ತಿಗೆ ಮೀನಿಗೆ ಉಸಿರು ಉಳಿಯುವುದಿಲ್ಲ ಎಂದು ವಿವರಿಸಿದೆ. ಹಿರಿಯರಲ್ಲೊಬ್ಬರು ತಲೆಯಾಡಿಸಲಿಲ್ಲ. "ಇಷ್ಟೊಂದು ಹೆಚ್ಚಿಸಿದ್ದು ಯಾರು, ಅದು ಹೇಳಿ."

ಹತ್ತು ದಿನ ಕೊಡಿ ಎಂದೆ. ಬಾವಿಯ ನೀರಿಗೆ ಒಂದೊಂದು ಚಮಚ ಕೆರೆಯ ನೀರು ಬೆರೆಸಿ ನಾಲ್ಕು ಗಾಜಿನ ಜಾಡಿಗಳನ್ನು ಕಿಟಕಿಯಲ್ಲಿಟ್ಟೆ. ಒಂದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಮಕ್ಕಳು ದಿನವೂ ಕೊಳವೆಯಿಂದ ಉಸಿರು ಊದಿದರು. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು ಹಸಿರಿಗೆ ಊಟ. ಮೂರನೆಯದಕ್ಕೆ ಸೋಸಿದ ಸಗಣಿ ನೀರು, ಚಿಟಿಕೆ ಯೂರಿಯಾ. ನಾಲ್ಕನೆಯದಕ್ಕೆ ಎರಡೂ. ಹತ್ತನೆಯ ದಿನ ಮೊದಲೆರಡು ಜಾಡಿಗಳು ಹೆಚ್ಚುಕಡಿಮೆ ತಿಳಿಯಾಗಿಯೇ ಇದ್ದವು, ಮೂರನೆಯದು ಹಸಿರಾಗಿತ್ತು, ನಾಲ್ಕನೆಯದರ ಆಚೆಗಿನ ಕಿಟಕಿ ಕಾಣುತ್ತಿರಲಿಲ್ಲ. ಬರಿಯ ಉಸಿರು ಸಾಲದು, ಸಾರವೂ ಬೇಕು; ಎರಡೂ ಕೂಡಿದರೆ ಹಿಡಿಯುವವರಿಲ್ಲ.

ಯಲ್ಲಮ್ಮ ಮೂರನೆಯ ಜಾಡಿಯನ್ನೇ ಬಹಳ ಹೊತ್ತು ನೋಡಿದಳು. ಕೆರೆಯಂಚಿನ ತಿಪ್ಪೆಗಳಲ್ಲಿ ಅವಳದೇ ದೊಡ್ಡದು, ಅವಳ ಎರಡು ಎಮ್ಮೆಗಳು ಮೈ ತೊಳೆಸಿಕೊಳ್ಳುತ್ತಿದ್ದದ್ದೂ ಅಲ್ಲೇ. "ಹಂಗಾದ್ರೆ ಸಾಯಿಸಿದ್ದು ನಾವೇನಾ?" ಅವಳು ನಾರಾಯಣಪ್ಪನವರ ಕಡೆ ತಿರುಗಿ, ಗಟ್ಟಿ ದನಿಯನ್ನು ಎಲ್ಲೋ ಬಿಟ್ಟು ಬಂದವಳಂತೆ, "ತಪ್ಪಾಯ್ತು ಅಣ್ಣ," ಎಂದಳು.

ಮಾರನೆಯ ದಿನ ಹಾರೆ ಹಿಡಿದು ಬಂದವರು ನಾರಾಯಣಪ್ಪ. ಕಾಲುವೆ ಕೆರೆ ಸೇರುವ ಕಡೆ, ತೋಟಗಳ ಗೊಬ್ಬರ ಕೆರೆಗಿಳಿಯದೆ ಅಲ್ಲೇ ತಂಗಲೆಂದು, ಅಗಲವಾದ ಗುಂಡಿ ತೋಡಿದರು. ಹೆಂಗಸರು ಮಣ್ಣು ಹೊತ್ತರು. ಉಳಿದ ಸಾರ ಹೀರಲು ಗುಂಡಿಯ ಬಾಯಿಗೆ ಜೊಂಡು ನೆಟ್ಟರು. ತಿಪ್ಪೆಗಳು ಒಂದೊಂದಾಗಿ ಏರಿಯಿಂದ ದೂರ ಸರಿದವು. ಕೊನೆಯ ತಿಪ್ಪೆ ಸರಿಯಲು ಒಂದು ವರ್ಷವೇ ಬೇಕಾಯಿತು, ಜಗಳಗಳೂ ಆದವು. ಆದರೆ ಎರಡನೆಯ ಮಳೆಗಾಲದ ನಂತರ ಸೊಂಟದಾಳದ ನೀರಿನಲ್ಲಿ ನಿಂತರೆ ಕಾಲಿನ ಬೆರಳು ಕಾಣುತ್ತಿತ್ತು, ಮತ್ತು ಯಲ್ಲಮ್ಮ ಹೊಸದಾಗಿ ಬಿಟ್ಟ ಮೀನುಗಳಿಗೆ ಬಲೆ ಹಾಕಿದಳು.

ಆ ವರ್ಷವೇ ತನ್ನ ತಂಗಿಯ ಮಗಳ ಮದುವೆಗೆ ನನ್ನನ್ನು ಚೆನ್ನೈಗೆ ಎಳೆದುಕೊಂಡು ಹೋದಳು. ಮಾಲೂರಿನಲ್ಲಿದ್ದ ಅವಳ ಅಣ್ಣನ ಮನೆಯವರ ಜೊತೆ ರೈಲು ಹತ್ತಿದೆವು. ಇಟ್ಟಿಗೆ ಗೂಡುಗಳ ಹೊಗೆ ಕಿಟಕಿಯಲ್ಲಿ ಹಿಂದೆ ಸರಿಯಿತು. ಮದುವೆಯ ಮಾರನೆಯ ಬೆಳಗ್ಗೆ ನಾವಿಬ್ಬರೂ ಮೊದಲ ಸಲ ಕಡಲಿನೆದುರು ನಿಂತೆವು. ನಾನು, ಪಾಠದ ಚಟ ಬಿಡದವಳು, ಹೇಳತೊಡಗಿದೆ: ಆ ಗೂಡುಗಳ ಹೊಗೆಯ ಇಂಗಾಲದ ಡೈಆಕ್ಸೈಡಿನಲ್ಲೂ ಒಂದು ಪಾಲು ಇಲ್ಲಿ ಕರಗುತ್ತದೆ, ನದಿಗಳು ಹೊಲಗಳ ಗೊಬ್ಬರ ತರುತ್ತವೆ, ಇದರಿಂದ ಕೆಲವು ಹಸಿರು ಜೀವಗಳು ಕೊಬ್ಬುತ್ತವೆ, ಸುಣ್ಣದ ಕವಚ ತೊಡುವ ಕೆಲವಕ್ಕೆ ನೀರು ಹುಳಿಯಾಗಿ ಕಷ್ಟವಾಗುತ್ತದೆ, ಯಾವುದು ಗೆಲ್ಲುತ್ತದೋ ತಿಳಿದವರಿಗೂ ಪೂರ್ತಿ ಗೊತ್ತಿಲ್ಲ.

ಯಲ್ಲಮ್ಮ ಅಲೆಗೆ ಪಾದ ಕೊಟ್ಟು ನಿಂತಳು. "ಇಷ್ಟು ದೊಡ್ಡ ಕೆರೆಗೆ ಗುಂಡಿ ಯಾರು ತೋಡ್ತಾರಮ್ಮ?"

ಅವಳೇ ಸೀರೆಯ ನೆರಿಗೆ ಎತ್ತಿ ಹಿಡಿದು ಇನ್ನೆರಡು ಹೆಜ್ಜೆ ನೀರಿಗಿಳಿದು ಹೇಳಿದಳು: "ಇದರ ಸುತ್ತ ಇರೋರೆಲ್ಲ ತೋಡ್ಬೇಕು. ಜಗಳ ಆಡ್ಕೊಂಡೇ ತೋಡ್ತಾರೆ ಬಿಡು, ನಾವೇನು ಆಡ್ಲಿಲ್ವಾ?"