ಅರವತ್ತೇಳಕ್ಕೆ ಮೊದಲ ಸಾಲ

ಅರವತ್ತೇಳನೆಯ ವಯಸ್ಸಿನವರೆಗೂ ಹಾರ್ಲನ್ ವ್ಯಾಂಡರ್ ಜ್ವಾಗ್ ಯಾರಿಗೂ ಬಿಡಿಗಾಸು ಬಾಕಿ ಇಟ್ಟವನಲ್ಲ. ಇದನ್ನು ಅವನು ತಾನಾಗಿ ಎಲ್ಲೂ ಹೇಳಿಕೊಳ್ಳುತ್ತಿರಲಿಲ್ಲ. ಎದುರಿನವರು ಕೇಳಲೇಬೇಕಾಗುವ ಹಾಗೆ ಮಾತನ್ನು ತಿರುಗಿಸುತ್ತಿದ್ದ, ಅಷ್ಟೆ. ಮಿಶಿಗನ್ನಿನ ಜೀಲ್ಯಾಂಡಿನಲ್ಲಿ, ತಾತಂದಿರ ಕಾಲಕ್ಕೆ ಹಾಲೆಂಡಿನಿಂದ ಹಡಗು ಹತ್ತಿ ಬಂದ ನಮ್ಮವರ ನಡುವೆ, ಇಂಥವರು ಅಪರೂಪವೇನಲ್ಲ. ಅಲ್ಲಿ ಯಾರಾದರೂ ಹೊಸ ಕಾರು ತಂದರೆ ಅದರ ಬಣ್ಣ, ಓಟ ಯಾವುದನ್ನೂ ಯಾರೂ ವಿಚಾರಿಸುವುದಿಲ್ಲ. "ನಗದಾ?" ಎನ್ನುತ್ತಾರೆ. ನಗದು ಎಂದವನು ಮಾತ್ರ ಆಮೇಲೆ ನಗಬಹುದು.

ಹಾರ್ಲನ್ ಜೀವಮಾನವೆಲ್ಲ ಕುರ್ಚಿ ಕಾರ್ಖಾನೆಯಲ್ಲಿ ನಿಂತೇ ದುಡಿದವನು. ನಿವೃತ್ತನಾದ ಮೇಲೆ ನಾಲ್ಕು ಚಳಿಗಾಲ ಹೆಂಡತಿ ವಿಲ್ಮಾಳ ಜೊತೆ ಫ್ಲಾರಿಡಾದ ಬ್ರೇಡೆಂಟನ್ನಿಗೆ ಬಂದು ಬಾಡಿಗೆ ಮನೆಯಲ್ಲಿ ಇದ್ದು ಹೋಗಿದ್ದ. ಐದನೆಯ ಸಲ ಬಂದಾಗ, ಇನ್ನು ಹಿಮ ಗೋರಿದ್ದು ಸಾಕು, ಇಲ್ಲೇ ಇದ್ದುಬಿಡೋಣ ಎಂದು ಇಬ್ಬರೂ ಒಪ್ಪಿದರು. ಮದುವೆಯಾದ ಮೇಲೆ ಅವರು ಚರ್ಚೆಯಿಲ್ಲದೆ ಒಪ್ಪಿದ ಮೊದಲ ದೊಡ್ಡ ವಿಷಯ ಅದು. ಮನೆಯೂ ಸಿಕ್ಕಿತು. ಗ್ಯಾರೆಟ್ ಹೂಕ್ಸೆಮಾ ಎಂಬ ಎಂಬತ್ತೊಂದು ವರ್ಷದ ವಿಧುರನದು; ಅವನೂ ಮಿಶಿಗನ್ನಿನಿಂದ ಬಂದ ನಮ್ಮವನೇ. ಎರಡು ಮಲಗುವ ಕೋಣೆ, ಹಳದಿ ಬಣ್ಣ, ಹಿತ್ತಲಲ್ಲಿ ಚಕ್ಕೋತದ ಮರ, ಚರ್ಚಿಗೆ ನಡೆದೇ ಹೋಗುವಷ್ಟು ದೂರ. ಗ್ಯಾರೆಟ್ ಅದೇ ಬೀದಿಯ ಕೊನೆಯಲ್ಲಿದ್ದ ವೃದ್ಧರ ವಸತಿಗೃಹಕ್ಕೆ ಹೋಗುವವನಿದ್ದ. ಅಲ್ಲಿ ಊಟ ಅವರೇ ಕೊಡುತ್ತಿದ್ದರು, ಹುಲ್ಲು ಅವರೇ ಕತ್ತರಿಸುತ್ತಿದ್ದರು.

ಜೀಲ್ಯಾಂಡಿನ ಮನೆ ಮಾರಿದ ದುಡ್ಡಿಗೆ ಉಳಿತಾಯವನ್ನೆಲ್ಲ ಸೇರಿಸಿದರೆ ಗ್ಯಾರೆಟ್ ಹೇಳಿದ ಬೆಲೆಗೆ ಸರಿಹೋಗುತ್ತಿತ್ತು. ಆಮೇಲೆ ಕೈಯಲ್ಲಿ ಉಳಿಯುವುದು ತಿಂಗಳ ಪಿಂಚಣಿ, ಒಂದು ಹಳೆಯ ಕಾರು, ಮತ್ತು ಒಂದು ಸಾಧಾರಣ ಫ್ರಿಜ್ಜಿಗೆ ಆಗುವಷ್ಟು ಚಿಲ್ಲರೆ. ಹಾರ್ಲನ್‌ಗೆ ಇದು ದೇವರೇ ಕೂತು ಹೊಂದಿಸಿದ ಹಾಗೆ ಕಂಡಿತು.

"ಮಾತಾಡಿ ಮುಗಿಸಿದೀನಿ," ಎಂದ, ಅಡುಗೆಮನೆಗೆ ಬಂದು. ವಿಲ್ಮಾ ಬಟಾಣಿ ಸೂಪು ತಿರುವುತ್ತಿದ್ದಳು. ಹೊರಗೆ ಬೆವರು ಕಿತ್ತುಬರುವ ಬಿಸಿಲಿದ್ದರೂ ಸೋಮವಾರವೆಂದರೆ ಬಟಾಣಿ ಸೂಪೇ. "ಪೂರ್ತಿ ನಗದು."

"ಯಾರ ಹತ್ರ ಮಾತಾಡಿ ಮುಗಿಸಿದೆ?"

"ನನ್ನ ಹತ್ರಾನೇ."

"ಹಂಗಾದ್ರೆ ಮನೇನೂ ನಿನ್ನ ಹತ್ರಾನೇ ಕೊಂಡ್ಕೋ." ಅವಳು ಸೌಟು ಕೆಳಗಿಟ್ಟಳು. "ನೋಡು ಹಾರ್ಲನ್. ಅರ್ಧ ನಗದು ಕೊಡೋಣ. ಇನ್ನರ್ಧಕ್ಕೆ ಸಾಲ ತಗೊಳ್ಳೋಣ. ಉಳಿದ ದುಡ್ಡು ಬ್ಯಾಂಕಲ್ಲಿ ಇರ್ಲಿ, ನನ್ನ ಹೆಸರಲ್ಲಿ."

ಚರ್ಚಿನ ಹಜಾರದಲ್ಲಿ ಹೆಂಡದಂಗಡಿ ಇಡೋಣ ಎಂದಿದ್ದರೂ ಹಾರ್ಲನ್ ಅಷ್ಟು ಬೆಚ್ಚುತ್ತಿರಲಿಲ್ಲ. "ಅಡಮಾನಾನಾ? ಈ ವಯಸ್ಸಲ್ಲಾ?" ಅಡಮಾನವೆಂದರೆ ಮಾನ ಅಡ್ಡಬಿದ್ದ ಹಾಗೆಯೇ ಎಂದು ನಂಬಿ ಬೆಳೆದವನು ಅವನು.

"ವಯಸ್ಸಿನ ಮಾತೇ ಆಡೋಣ ಬಾ. ನಿಮ್ಮನೆ ಗಂಡಸ್ರು ಯಾರಾದ್ರೂ ಎಪ್ಪತ್ತೆರಡು ದಾಟಿದ್ದುಂಟಾ?"

"ಅಪ್ಪ. ಎಪ್ಪತ್ಮೂರು."

"ಕೊನೇ ವರ್ಷ ಹಾಸಿಗೆ ಮೇಲಿದ್ರು, ಅದನ್ನ ಲೆಕ್ಕಕ್ಕೆ ಹಿಡಿಯಲ್ಲ ನಾನು. ನಮ್ಮಮ್ಮ ತೊಂಬತ್ತಾರು. ನಮ್ಮಜ್ಜಿ ತೊಂಬತ್ತೊಂಬತ್ತು, ಅದೂ ಕಾಲು ಜಾರಿದ್ದಕ್ಕೆ ಹೋದ್ರು, ಇಲ್ದಿದ್ರೆ ಇನ್ನೂ ಇರೋರೇ. ನೀನು ಮೇಲೆ ಹೋಗಿ ಆರಾಮಾಗಿರ್ತೀಯ. ನಾನು ಇನ್ನಿಪ್ಪತ್ತು ವರ್ಷ ಈ ಮನೇಲಿರ್ತೀನಿ. ಅರ್ಧ ಪಿಂಚಣಿ, ಪೂರ್ತಿ ಮನೆ. ಹಸಿವಾದ್ರೆ ಏನ್ ಮಾಡ್ಲಿ, ಗೋಡೆ ಕೆರೆದು ಸೂಪಿಗೆ ಹಾಕ್ಕೊಳ್ಲಾ?"

"ಬಡ್ಡಿ ಬೀಳತ್ತೆ ವಿಲ್ಮಾ. ಬಡ್ಡಿ ಅಂದ್ರೆ ಗಾಳಿಗೆ ದುಡ್ಡು ತೂರಿದ ಹಾಗೆ. ನಾನು ಜನ್ಮದಲ್ಲಿ ಬಡ್ಡಿ ಕಟ್ಟಿದವನಲ್ಲ."

"ನೀನು ಕಟ್ಟಿಲ್ಲ," ಎಂದಳು ವಿಲ್ಮಾ. "ನಾನು ಕಟ್ಟಿದೀನಿ."

ಹಾರ್ಲನ್‌ಗೆ ತಕ್ಷಣ ತಿಳಿಯಿತು; ತಿಳಿಯದವನಂತೆ ಸೂಪಿನ ಪಾತ್ರೆಯೊಳಗೆ ಇಣುಕಿದ. ಮದುವೆಯಾದ ಹೊಸದರಲ್ಲಿ ಜೀಲ್ಯಾಂಡಿನಲ್ಲಿ ಜಾಗ ಕೊಂಡು ಅವನು ಮೊದಲು ನೆಲಮಾಳಿಗೆಯನ್ನಷ್ಟೇ ಕಟ್ಟಿದ್ದ. ಅದರ ಮೇಲೆ ಟಾರು ಹಾಳೆಯ ಚಾವಣಿ ಹೊದಿಸಿ, ಮೇಲಿನ ಮನೆಗೆ ದುಡ್ಡು ಕೂಡುವವರೆಗೆ ಗಂಡಹೆಂಡಿರು ಅದರೊಳಗೆ ಸಂಸಾರ ಹೂಡಿದರು. ಆಗ ಹಾಗೆ ಮಾಡಿದವರು ಅವರೊಬ್ಬರೇ ಅಲ್ಲ. ಮುಂದಿನ ವಸಂತಕ್ಕೆ ಮೇಲಿನ ಗೋಡೆ ಎದ್ದೇ ಏಳುತ್ತದೆ ಎಂದಿದ್ದ. ಎದ್ದದ್ದು ಐದು ಚಳಿಗಾಲ ಕಳೆದ ಮೇಲೆ. ಕಿಟಕಿಗಳು ನೆಲದ ಮಟ್ಟಕ್ಕಿದ್ದವು. ವಿಲ್ಮಾ ನೆರೆಯವರನ್ನೆಲ್ಲ ಬೂಟಿನಿಂದ ಗುರುತು ಹಿಡಿಯುತ್ತಿದ್ದಳು. ಪಾದ್ರಿಯ ಮುಖ ಎದುರಾದರೆ ಇವರು ಯಾರಪ್ಪಾ ಎಂದು ಮೊದಲು ಕಾಲು ನೋಡುತ್ತಿದ್ದಳು. ಮೊದಲ ಮಗಳ ಕೆಮ್ಮು ಆ ಥಂಡಿಯಲ್ಲಿ ಹಿಡಿದದ್ದು.

"ಬ್ಯಾಂಕಿನವನು ಆಗ ನೂರಕ್ಕೆ ಆರು ಕೇಳಿದ್ದ," ಎಂದಳು ವಿಲ್ಮಾ, ದನಿ ಏರಿಸದೆ. "ನೀನು ನನ್ನ ಹತ್ರ ಐದು ವರ್ಷದ ಬಿಸಿಲು ತಗೊಂಡೆ. ನಾನು ಏನಾದ್ರೂ ಅಂದ್ನಾ?"

ಅಂದಿರಲಿಲ್ಲ. ಅದೇ ತೊಂದರೆ. ಅಂದಿದ್ದರೆ ಹಾರ್ಲನ್ ಅವತ್ತೇ ವಾದ ಮಾಡಿ ಗೆದ್ದು ಮರೆತಿರುತ್ತಿದ್ದ. ಇಷ್ಟು ವರ್ಷ ಇಟ್ಟುಕೊಂಡು ಬಂದ ಮಾತಿಗೆ ಉತ್ತರ ಹುಡುಕುವುದು ಸುಲಭವಲ್ಲ. ಅವನು ಎರಡು ಬಟ್ಟಲು ಸೂಪು ಕುಡಿದ. ಮಾರನೆಯ ದಿನ, ಮಂಗಳವಾರವಾದರೂ, ಭಾನುವಾರದ ಕೋಟು ಹಾಕಿಕೊಂಡ. "ನಡಿ, ಬ್ಯಾಂಕಿಗೆ," ಎಂದ.

ಬ್ಯಾಂಕಿನಲ್ಲಿ ಇಲಿಯಾನಾ ಎಂಬ ಚುರುಕಾದ ಹೆಂಗಸು ಅವನ ಹೆಸರು ಕಂಪ್ಯೂಟರಿಗೆ ಬಡಿದು ನೋಡಿದಳು. ಇನ್ನೊಮ್ಮೆ ಬಡಿದಳು. ಹುಬ್ಬು ಗಂಟಿಕ್ಕಿದಳು.

"ಸರ್, ನಿಮ್ಮದು ಏನೂ ತೋರಿಸ್ತಿಲ್ಲ. ಹಿಂದೆ ತಗೊಂಡ ಸಾಲ ಯಾವುದಾದ್ರೂ ಹೇಳಿ."

"ಯಾವುದೂ ಇಲ್ಲ." ಹಾರ್ಲನ್ ಕುರ್ಚಿಯಲ್ಲಿ ನೆಟ್ಟಗಾದ. ಕೊನೆಗೂ ಒಬ್ಬರು ತಾವಾಗಿಯೇ ಕೇಳಿದ್ದರು.

"ಕಾರಿಗೆ?"

"ನಗದು."

"ಕ್ರೆಡಿಟ್ ಕಾರ್ಡು? ಟೀವಿ, ಸೋಫಾ, ಏನಾದ್ರೂ ಕಂತಲ್ಲಿ?"

"ನಗದು. ಮನೆ ಕೂಡ. ನಾನೇ ಕಟ್ಟಿದ್ದು."

"ಅಯ್ಯೋ," ಎಂದಳು ಇಲಿಯಾನಾ, ಕಾಯಿಲೆಯ ಸುದ್ದಿ ಕೇಳಿದವಳ ಹಾಗೆ. "ಹಂಗಾದ್ರೆ ಕಷ್ಟ ಸರ್. ನೀವು ಸಾಲ ತೀರಿಸ್ತೀರಿ ಅಂತ ನಾವು ಯಾವ ನಂಬಿಕೆ ಮೇಲೆ ಕೊಡೋದು?"

"ನಾನು ಯಾರಿಗೂ ಒಂದು ಡಾಲರ್ ಬಾಕಿ ಇಟ್ಟಿಲ್ಲಮ್ಮಾ!"

"ಅದೇ ಸರ್ ಸಮಸ್ಯೆ. ಇಟ್ಟು ತೀರಿಸಿದ್ರೆ ಗೊತ್ತಾಗೋದು. ಮೊದಲು ಒಂದು ಕಾರ್ಡು ತಗೊಳ್ಳಿ, ಸ್ವಲ್ಪ ಸಾಲ ಮಾಡಿ, ಕಟ್ಟಿ. ಒಂದೆರಡು ವರ್ಷ ಬಿಟ್ಟು ಬನ್ನಿ."

ಸಾಲ ಮಾಡದವನ ಒಳ್ಳೆಯತನ ಸಾಲಕ್ಕೆ ಸಾಲದು ಎಂದು ಹಾರ್ಲನ್‌ಗೆ ಅವತ್ತು ಗೊತ್ತಾಯಿತು. ಅವಮಾನವಾದದ್ದು ನಿಜ. ಆದರೆ ಕಾರಿನ ತನಕ ನಡೆಯುವಷ್ಟರಲ್ಲಿ ಒಳಗೊಳಗೇ ಹಗುರವೂ ಆಯಿತು. ಹೆಂಡತಿ ಹೇಳಿದ ಹಾಗೆ ಕೇಳಿಯೂ ಆಯಿತು, ಸಾಲ ತಪ್ಪಿಯೂ ಹೋಯಿತು. "ಸರಿ, ಅವರೇ ಕೊಡಲ್ಲ ಅಂದ್ರಲ್ಲ," ಎಂದ. "ನಗದೇ ಕೊಟ್ಬಿಡೋಣ."

ವಿಲ್ಮಾ ಏನೂ ಹೇಳಲಿಲ್ಲ. ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗಲೂ ತಿರುಗಲಿಲ್ಲ. ನೆಲಮಾಳಿಗೆಯ ಐದು ಚಳಿಗಾಲವೂ ಅವಳು ಹೀಗೆಯೇ ಸುಮ್ಮನಿದ್ದಳು. ಅದನ್ನು ಅವನು ಇಷ್ಟು ವರ್ಷ ಒಪ್ಪಿಗೆಯೆಂದೇ ತಿಳಿದಿದ್ದ. ಅವಳನ್ನು ಬಾಡಿಗೆ ಮನೆಯ ಬಾಗಿಲಲ್ಲಿ ಇಳಿಸಿ, "ಬ್ರೆಡ್ ತರ್ತೀನಿ," ಎಂದು ಹೇಳಿ ಹಾರ್ಲನ್ ಕಾರು ತಿರುಗಿಸಿದ. ಬ್ರೆಡ್ಡಿನಂಗಡಿ ಎಡಕ್ಕಿತ್ತು. ಅವನು ಬಲಕ್ಕೆ ಹೋದ.

ಗ್ಯಾರೆಟ್ ಹೂಕ್ಸೆಮಾ ಕಾರು ನಿಲ್ಲಿಸುವ ಚಪ್ಪರದಡಿ ಹಳೆಯ ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಹಾರ್ಲನ್ ಹವೆಯ ಮಾತಾಡಿದ. ಚಕ್ಕೋತದ ಮರದ ಮಾತಾಡಿದ. ಕಳೆದ ಭಾನುವಾರದ ಪ್ರವಚನ ಉದ್ದವಾಯಿತೆಂದ. ಗ್ಯಾರೆಟ್ ಜೇಬಿನಿಂದ ಬಿಳಿಯ ಪೆಪ್ಪರ್‌ಮಿಂಟು ತೆಗೆದುಕೊಟ್ಟ. ಹಾರ್ಲನ್ ಅದು ಪೂರ್ತಿ ಕರಗುವವರೆಗೂ ಚೀಪಿದ. ಹುಟ್ಟಿದಾರಭ್ಯ ಯಾರ ಮುಂದೆಯೂ ಕೈ ಒಡ್ಡದವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

"ಗ್ಯಾರೆಟ್, ಅರ್ಧ ದುಡ್ಡು ಈಗ ಕೊಡ್ತೀನಿ," ಎಂದ ಕೊನೆಗೆ, ಪೆಟ್ಟಿಗೆಯೊಂದಕ್ಕೆ ಹೇಳುವವನಂತೆ. "ಉಳಿದರ್ಧ ನೀವೇ ನನಗೆ ಕೊಟ್ಟ ಸಾಲ ಅಂತ ಇಟ್ಕೊಳ್ತೀರಾ? ತಿಂಗಳಾ ತಿಂಗಳಾ ಕಟ್ತೀನಿ. ಬಡ್ಡಿ ಸಮೇತ."

ಗ್ಯಾರೆಟ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ನಮ್ಮವರಿಬ್ಬರು ಎಲ್ಲಿ ಸಿಕ್ಕರೂ ಆಡುವ ಆಟವೊಂದಿದೆ. ಯಾರ ಮಗ, ಯಾವ ಚರ್ಚು, ತಾಯಿಯ ಕಡೆಯವರು ಯಾರು ಎಂದು ಬೇರು ಕೆದಕುತ್ತಾ ಹೋಗಿ ಎಲ್ಲೋ ಒಂದು ಕಡೆ ಗಂಟು ಹಾಕಿಯೇ ಹಾಕುತ್ತಾರೆ. ಗ್ಯಾರೆಟ್ ಆ ಆಟವನ್ನು ಶುರು ಮಾಡಿದ.

"ಜೀಲ್ಯಾಂಡಲ್ಲಿ ಯಾವ ವ್ಯಾಂಡರ್ ಜ್ವಾಗ್ ನೀನು? ಹಾಲಿನ ಡೈರಿಯವರಾ, ಕೋಳಿಯವರಾ?"

"ಕೋಳಿಯವರು. ಕ್ಲಾಸ್ ಅವರ ಮಗ."

"ತಾಯಿ?"

"ಡ್ರೆಂಥ್ ಊರಿನವರು. ಬ್ರೂವರ್ ಮನೆತನ."

"ಚಕ್ಕಡಿ ಚಕ್ರ ಮಾಡ್ತಿದ್ದ ಬ್ರೂವರಾ? ಹಂಗಾದ್ರೆ ಬರ್ಟ್ ಬ್ರೂವರ್ ನಿನಗೇನಾಗ್ಬೇಕು?"

"ಸೋದರಮಾವ."

"ಆಹಾ!" ಗ್ಯಾರೆಟ್ ತೊಡೆ ತಟ್ಟಿದ. "ನಮ್ಮಪ್ಪನಿಗೆ ಒಂದು ಹಸು ಮಾರಿದ್ದ ಬರ್ಟು. ದಿನಕ್ಕೆ ಎರಡು ಬಕೆಟ್ಟು ಹಾಲು ಅಂದ. ಎರಡು ಬಕೆಟ್ಟು ಒದ್ದು ಬೀಳಿಸ್ತಿತ್ತು, ಅದು ನಿಜ."

ಹಾರ್ಲನ್‌ನ ಮುಖ ಇಳಿದುಹೋಯಿತು. ಬ್ಯಾಂಕಿನ ಕಂಪ್ಯೂಟರಿಗೆ ಅವನ ಬಗ್ಗೆ ಏನೂ ಗೊತ್ತಿರಲಿಲ್ಲ. ಇಲ್ಲಿ ಗೊತ್ತಿರುವುದೇ ಹೆಚ್ಚಾಗಿತ್ತು.

"ಆದ್ರೆ ನಿಮ್ಮಪ್ಪ ಕ್ಲಾಸ್ ಬೇರೆ," ಎಂದು ಮುಂದುವರಿಸಿದ ಗ್ಯಾರೆಟ್. "ಒಂದು ಡಜನ್ ಮೊಟ್ಟೇಲಿ ಒಂದು ಒಡೆದಿದ್ರೆ ಮಾರನೇ ದಿನ ಎರಡು ತಂದುಕೊಡ್ತಿದ್ದ. ನೀನು ಯಾರ ತರಹ? ಅಪ್ಪನ ತರಹಾನಾ, ಮಾವನ ತರಹಾನಾ?"

"ಅದನ್ನ ವಿಲ್ಮಾನೇ ಹೇಳ್ಬೇಕು," ಎಂದ ಹಾರ್ಲನ್. ಅವನು ಹಾಸ್ಯಕ್ಕೆ ಹೇಳಿದ್ದಲ್ಲ. "ಸಾಲ ನನಗಲ್ಲ ಗ್ಯಾರೆಟ್. ನನ್ನ ನಂತರ ಅವಳ ಕೈಯಲ್ಲಿ ನಾಲ್ಕು ಕಾಸು ಇರಬೇಕು. ಅವಳಿಗೆ ನಾನು ಒಂದು ಬಾಕಿ ಇಟ್ಕೊಂಡಿದೀನಿ. ನಿನ್ನೆವರೆಗೂ ನನಗೆ ಗೊತ್ತಿರಲಿಲ್ಲ."

ಗ್ಯಾರೆಟ್ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ. ಆಮೇಲೆ ಇನ್ನೊಂದು ಪೆಪ್ಪರ್‌ಮಿಂಟು ಕೊಟ್ಟ. "ಆ ವಸತಿಗೃಹದೋರು ಬಾಡಿಗೇನ ತಿಂಗಳಾ ತಿಂಗಳಾ ಕೇಳ್ತಾರೆ. ನಿನ್ನ ಕಂತು ಸೀದಾ ಅಲ್ಲಿಗೇ ಹೋಗತ್ತೆ. ಹದಿನೈದು ವರ್ಷ. ಬ್ಯಾಂಕಿನ ಬಡ್ಡಿಗಿಂತ ಅರ್ಧ ಪರ್ಸೆಂಟು ಜಾಸ್ತಿ."

"ಜಾಸ್ತಿ ಯಾಕೆ?"

"ಆ ಹಸೂಗೆ."

ಮರುವಾರ ವಕೀಲರ ಕಚೇರಿಯಲ್ಲಿ ಕಾಗದಗಳು ಸಿದ್ಧವಾದವು. ಮನೆ ಅಡಮಾನವಾಯಿತು. ಹಾರ್ಲನ್ ಸಹಿ ಹಾಕಿ ನೋಡಿದರೆ, ಸಾಲದ ಕಾಗದದ ಮೇಲೆ ಅವನ ಹೆಸರು ಬೇರೆ ಯಾರದೋ ಹೆಸರಿನ ಹಾಗೆ ಕಂಡಿತು. ಗ್ಯಾರೆಟ್ ಕನ್ನಡಕ ಏರಿಸಿ ಕೊನೆಯ ಕಂತಿನ ತಾರೀಖು ಓದಿದ. "ಇದನ್ನ ವಸೂಲು ಮಾಡೋಕೆ ನಾನು ತೊಂಬತ್ತಾರು ವರ್ಷ ಬದುಕಬೇಕು," ಎಂದು ಗೊಣಗಿದ. "ಡಾಕ್ಟರು ಇದುವರೆಗೂ ಇಷ್ಟು ಒಳ್ಳೇ ಕಾರಣ ಕೊಟ್ಟಿರಲಿಲ್ಲ."

"ನಾನಂತೂ ಅಷ್ಟು ದೂರ ಬರಲ್ಲ," ಎಂದ ಹಾರ್ಲನ್.

"ಪರವಾಗಿಲ್ಲ, ಕೊನೇ ಕಂತು ನಾನೇ ತಂದು ಕೊಡ್ತೀನಿ," ಎಂದಳು ವಿಲ್ಮಾ. ಆಮೇಲೆ ಗಂಡನ ಕಡೆ ತಿರುಗಿ, "ಬರೋದಾದ್ರೆ ನೀನೂ ಬಾ," ಎಂದಳು.

ಮೊದಲ ಕಂತಿನ ದಿನ ಭಾನುವಾರ ಬಿತ್ತು. ಭಾನುವಾರ ದೇವರ ದಿನ; ಅವತ್ತು ದುಡ್ಡು ಮುಟ್ಟುವುದು ಎರಡು ಮನೆಗಳಲ್ಲೂ ನಿಷಿದ್ಧ. ತಡವಾಗಿ ಕೊಡುವುದು ಹಾರ್ಲನ್‌ಗೆ ಅದಕ್ಕಿಂತ ನಿಷಿದ್ಧ. ಹಾಗಾಗಿ ಶನಿವಾರ ಸಂಜೆಯೇ ಗಂಡಹೆಂಡಿರು ಬೀದಿಯ ಕೊನೆಯವರೆಗೆ ನಡೆದು ಹೋದರು. ಗ್ಯಾರೆಟ್ ಕೂದಲು ಬಾಚಿಕೊಂಡು ಕಾಯುತ್ತಿದ್ದ. ಕಾಫಿ ಆಗಲೇ ಬಿಸಿಯಿತ್ತು. ಹಾರ್ಲನ್ ಚೆಕ್ಕು ಕೊಟ್ಟ. ಏನಾದರೂ ಆಗಬಹುದೆಂದು ಕಾದ. ಏನೂ ಆಗಲಿಲ್ಲ. ಗ್ಯಾರೆಟ್ ಅದನ್ನು ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟ.

"ಅಲ್ಲಮ್ಮಾ," ಎಂದ ವಿಲ್ಮಾಳಿಗೆ, ಬಾದಾಮಿ ಬಿಸ್ಕತ್ತು ಮುಂದೆ ಸರಿಸುತ್ತಾ, "ಅಷ್ಟೊಂದು ದುಡ್ಡು ಬ್ಯಾಂಕಲ್ಲಿ ಇಟ್ಕೊಂಡು ಏನ್ ಮಾಡ್ತೀಯ?"

"ಏನೂ ಮಾಡಲ್ಲ," ಎಂದಳು ವಿಲ್ಮಾ. "ಇದೆ ಅಂತ ಗೊತ್ತಲ್ಲ, ಸಾಕು." ಹೇಳಿ ಕುರ್ಚಿಗೆ ಪೂರ್ತಿ ಒರಗಿ ಕೂತಳು.

ಹಾರ್ಲನ್ ಬಹಳ ಹೊತ್ತು ಅವಳನ್ನೇ ನೋಡಿದ. ಆಮೇಲೆ, ಯಾರ ಮನೆಯಲ್ಲೂ ಒಂದಕ್ಕಿಂತ ಹೆಚ್ಚು ಮುಟ್ಟದವನು, ಕೈ ಚಾಚಿ ಎರಡನೆಯ ಬಿಸ್ಕತ್ತು ತೆಗೆದುಕೊಂಡ.