ಸೀಟಿಲ್ಲದ ಸವಾರಿ

ಸೀಟಿಗಾಗಿ ಮನುಷ್ಯರು ಪಡುವ ಪಾಡನ್ನು ಕಣ್ಣಾರೆ ಕಾಣಬೇಕೆನ್ನುವವರು ನಮ್ಮ ದಾವಣಗೆರೆಗೆ ಬರಬೇಕು. ಕಾಲೇಜುಗಳ ಊರಾದ್ದರಿಂದ, ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಗಿಟ್ಟಿಸಿ ಬೀಗುತ್ತ ಬಂದವರು ಕೂಡ ನಿಲ್ದಾಣದಲ್ಲಿ ಇಳಿದ ಕೂಡಲೇ ಮಗನಿಗೋ ಮಗಳಿಗೋ ಇನ್ನೊಂದು ಬಗೆಯ ಸೀಟಿಗಾಗಿ ಅಲೆಯಲು ಶುರುಮಾಡುತ್ತಾರೆ. ಚುನಾವಣೆ ಹತ್ತಿರವಾದರಂತೂ ಮೂರನೆಯ ಬಗೆಯ ಸೀಟಿನ ಗುಸುಗುಸು ಹೋಟೆಲುಗಳಲ್ಲಿ ದೋಸೆಯ ಹಬೆಯೊಂದಿಗೆ ಏಳುತ್ತದೆ. ಇಂಥ ಸೀಟುಪ್ರಧಾನ ನಗರದಲ್ಲಿ, ನಮ್ಮ ಮನೆಯ ಪೋರ್ಟಿಕೋದಲ್ಲಿ ಸೀಟೇ ಇಲ್ಲದ ಮೋಟಾರ್ ಸೈಕಲ್ಲೊಂದು ಬಂದು ನಿಂತರೆ ಹೋಗಿಬರುವವರು ಸುಮ್ಮನಿರುವುದಾದರೂ ಹೇಗೆ? ಹಾಲಿನವರು, ಪೇಪರಿನವರು, ಎದುರುಮನೆಯ ನಿವೃತ್ತ ತಹಶೀಲ್ದಾರರು, ಎಲ್ಲರದೂ ಒಂದೇ ಪ್ರಶ್ನೆ.

"ಸೀಟು ಯಾವಾಗ ಹಾಕಸ್ತೀರಿ ಸರ್?"

"ಇದಕ್ಕೆ ಸೀಟೇ ಇರೋದಿಲ್ರಿ. ನಿಂತ್ಕೊಂಡೇ ಓಡಿಸೋದು."

ತಹಶೀಲ್ದಾರರು ಗಾಡಿಯನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಈ ವಯಸ್ಸಿನಾಗ ನಿಮಗ್ಯಾಕ ಸರ್ ಇದು?" ಎಂದು ಮರುಗಿದರು. ಗಾಡಿ ನನ್ನದಲ್ಲ, ನನ್ನ ಹೆಂಡತಿ ಗಿರಿಜಾಳದು ಎಂದು ಹೇಳುವ ಧೈರ್ಯ ನನಗೆ ಬರಲು ಇನ್ನೊಂದು ವಾರ ಹಿಡಿಯಿತು.

ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಸಿಗ್ನಲ್ ಬಂದಾಗ ಸ್ಕೂಟರಿನಿಂದ ಎರಡೂ ಕಾಲುಗಳನ್ನು ಹುಟ್ಟುಗೋಲಿನಂತೆ ನೆಲಕ್ಕೆ ಊರಿ ನಿಲ್ಲುವ ಜಾತಿಯವನು. ಗಿರಿಜಾ ಹರಿಹರದ ಪ್ರೌಢಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿ. ಅವಳು ವರ್ಷಗಟ್ಟಲೆ ಬಸ್ಸು, ಲಾರಿಗಳ ನಡುವೆ ತನ್ನ ಸ್ಕೂಟರನ್ನು ನುಸುಳಿಸಿಕೊಂಡು ಎರಡೂ ಊರುಗಳ ನಡುವೆ ಓಡಾಡಿದವಳು. ಮಳೆ ಬಂದರೆ ಕೊಡೆ ಹುಡುಕುತ್ತಿದ್ದವನು ನಾನು. ರೇನ್‌ಕೋಟು ತೊಟ್ಟು ಹೊರಟೇಬಿಡುತ್ತಿದ್ದವಳು ಅವಳು.

ಹೀಗಿರುವಾಗ ಒಂದು ಮುಂಜಾನೆ ಹಾಸಿಗೆಯಿಂದ ಏಳಹೋದವಳಿಗೆ ಇಡೀ ಕೋಣೆ ಗಿರ್ರನೆ ತಿರುಗಿತು. ಮಂಚದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, "ರೀ, ಮನೆ ನಿಲ್ಲಸ್ರಿ" ಎಂದಳು. ಮನೆಯನ್ನು ನಿಲ್ಲಿಸುವುದು ಹೇಗೆಂದು ತಿಳಿಯದೆ ನಾನು ಫ್ಯಾನ್ ನಿಲ್ಲಿಸಿದೆ. ಕಿವಿಯ ವೈದ್ಯರು ಪರೀಕ್ಷಿಸಿ, ಒಳಗಿವಿಯಲ್ಲಿ ಸಮತೋಲನಕ್ಕೆಂದು ಇರುವ ಸಣ್ಣ ಹರಳುಗಳು ಜಾಗ ಬಿಟ್ಟು ಸರಿದಿವೆ ಎಂದರು. ಜನ ಗ್ರಹಗತಿ ನೆಟ್ಟಗಾಗಲೆಂದು ಬೆರಳಿಗೆ ಹರಳು ಹಾಕಿಸಿಕೊಳ್ಳುತ್ತಾರೆ. ನನ್ನ ಗೃಹಿಣಿಯ ಗತಿ ಕೆಟ್ಟದ್ದೇ ಹರಳಿನಿಂದ! ವೈದ್ಯರು ಅವಳ ತಲೆಯನ್ನು ಅತ್ತ ಹೊರಳಿಸಿ, ಇತ್ತ ಹೊರಳಿಸಿ, ಕೆಲವು ವಾರಗಳಲ್ಲಿ ಹರಳುಗಳನ್ನು ಸ್ವಸ್ಥಾನಕ್ಕೆ ಕಳಿಸಿದರು. ತಲೆಸುತ್ತು ಹೋಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಅವಳು ಸ್ಕೂಟರು ಮುಟ್ಟುವುದನ್ನು ಬಿಟ್ಟಳು. ದಿಂಬಿನ ಮೇಲೆ ದಿಂಬಿಟ್ಟು ಅರೆಕುಳಿತೇ ಮಲಗಿದಳು. ತಲೆ ಎತ್ತಿದರೆ ಎಲ್ಲಿ ಮತ್ತೆ ತಿರುಗೀತೋ ಎಂದು ಶಾಲೆಯಲ್ಲಿ ಕಪ್ಪುಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಲೆಕ್ಕ ಬರೆಯತೊಡಗಿದಳು. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ನೋಡಿ, ಕೂತು ಬರೆದುಕೊಳ್ಳುತ್ತಿದ್ದರಂತೆ.

ನಾನು ಬೆಳಿಗ್ಗೆ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡುವುದು, ಸಂಜೆ ಕರೆತರುವುದು, ಮೆಟ್ಟಿಲಿಳಿಯುವಾಗ ತೋಳು ಕೊಡುವುದು ರೂಢಿಯಾಯಿತು. ನಿಜ ಹೇಳಬೇಕೆಂದರೆ, ಓದುಗ ಮಿತ್ರರೇ, ಜನ್ಮದಲ್ಲಿ ಯಾರಿಗೂ ಆಸರೆಯಾಗಿರದ ನನಗೆ ಈ ಊರುಗೋಲಿನ ಪದವಿ ಕೊಂಚ ಹಿಡಿಸಿಯೂ ಇತ್ತು.

ವರ್ಷ ಕಳೆದ ಮೇಲೆ ಅವಳ ದವಡೆ ಹಲ್ಲೊಂದು ಹುಳುಕಾಯಿತು. ಹಲ್ಲಿನ ವೈದ್ಯರಿಗೆ ನಮ್ಮೂರಿನಲ್ಲಿ ಬರವಿಲ್ಲ. ಡಾಕ್ಟರ್ ರುದ್ರೇಶ್ ಎಂಬ, ಅರವತ್ತರ ಆಸುಪಾಸಿನ ಸಣಕಲು ಮನುಷ್ಯರ ಹತ್ತಿರ ಹೋದೆವು. ಕುರ್ಚಿ ಹಿಂದಕ್ಕೆ ಬಾಗತೊಡಗಿದ್ದೇ ತಡ, ಗಿರಿಜಾ ಅದರ ಹಿಡಿಕೆಗಳನ್ನು ಬೆರಳು ಬೆಳ್ಳಗಾಗುವಂತೆ ಹಿಡಿದುಕೊಂಡಳು.

"ಯಾಕ ಮೇಡಂ, ಇನ್ನೂ ಸೂಜಿನೇ ಚುಚ್ಚಿಲ್ಲ?"

"ಹಿಂದಕ್ಕೆ ಬಾಗಿದ್ರೆ ಬಿದ್ದೇಹೋಗ್ತೀನಿ ಅನ್ನಿಸ್ತೈತ್ರಿ ಡಾಕ್ಟ್ರೇ."

ವೈದ್ಯರು ಕುರ್ಚಿಯನ್ನು ಅಲ್ಲೇ ನಿಲ್ಲಿಸಿ, ಅವಳ ಕಥೆಯನ್ನೆಲ್ಲ ಕೇಳಿ, ಗೋಡೆಯ ಮೇಲಿದ್ದ ಫೋಟೋ ತೋರಿಸಿದರು. ಮನುಷ್ಯನೆತ್ತರದ ಬಂಡೆಯೊಂದರ ನೆತ್ತಿಯ ಮೇಲೆ ಒಂದು ಮೋಟಾರ್ ಸೈಕಲ್ಲು; ಅದರ ಮೇಲೆ ಕೊಕ್ಕರೆಯಂತೆ ನಿಂತ ಸ್ವಯಂ ದಂತವೈದ್ಯರು. "ನನ್ನ ಆಟಾನೂ ಇದೇ ನೋಡ್ರಿ. ಬೀಳ್ತೀನಿ ಅನ್ನಿಸ್ತಾ ಇರ್ತೈತಿ, ಆದ್ರೆ ಬೀಳ್ದಂಗೆ ಹೋಗಬೇಕು. ಟ್ರಯಲ್ಸ್ ಅಂತಾರೆ."

ನನಗೆ ತಿಳಿದಂತೆ ಟ್ರಯಲ್ ಎರಡು ಬಗೆ: ಒಂದು ಕೋರ್ಟಿನದು, ಇನ್ನೊಂದು ಬಟ್ಟೆಯಂಗಡಿಯದು. ಇದು ಮೂರನೆಯದು. ಅರ್ಧ ಗಂಟೆಯ ಮೇಲೆ, ಅರ್ಧ ಬಾಯಿ ಮರಗಟ್ಟಿದ್ದ ಹೆಂಡತಿ ಹೊರಬಂದು ತೊದಲುತ್ತ, "ನಾನೂ ಅದನ್ನ ಕಲೀತೀನ್ರಿ" ಎಂದಳು. ಇಂಜೆಕ್ಷನ್ನಿನ ಅಮಲೆಂದುಕೊಂಡೆ. ಬಾಯಿ ಸರಿಹೋಯಿತು, ಮಾತು ಬದಲಾಗಲಿಲ್ಲ.

ಖಂಡಿತ ಬೇಡವೆನ್ನುತ್ತಾರೆಂಬ ಆಸೆಯಿಂದ ಕಿವಿಯ ವೈದ್ಯರಿಗೆ ಫೋನು ಮಾಡಿದೆ. "ಕಿವಿ ಸರಿಹೋಗಿ ವರ್ಷ ಆತಲ್ರಿ. ಹೆಲ್ಮೆಟ್ ಹಾಕ್ಕೊಂಡು ಏನ್ ಬೇಕಾದ್ರೂ ಮಾಡ್ಲಿ ಬಿಡ್ರಿ" ಎಂದುಬಿಟ್ಟರು. ವೈದ್ಯವೃಂದವೇ ನನ್ನ ವಿರುದ್ಧ ಒಂದಾಗಿತ್ತು.

ಮುಂದಿನ ಭಾನುವಾರ ಹರಿಹರದಾಚೆ, ಉಕ್ಕಡಗಾತ್ರಿ ಕಡೆಯ ಹೊಳೆದಂಡೆಯಲ್ಲಿ ಡಾಕ್ಟರ ಗೆಳೆಯರ ಗುಂಪು ಸೇರುವುದನ್ನು ನೋಡಲು ಹೋದೆವು. ಹೊಗೆ, ಕಿವಿಗಡಚಿಕ್ಕುವ ಸದ್ದು, ಹಾರಿಬೀಳುವ ತರುಣರು, ಪಕ್ಕದಲ್ಲೊಂದು ಆಂಬುಲೆನ್ಸು, ಇಷ್ಟನ್ನು ಕಲ್ಪಿಸಿಕೊಂಡು ರಾತ್ರಿಯೆಲ್ಲ ಬೆವತಿದ್ದೆ. ಅಲ್ಲಿ ಕಂಡದ್ದೇ ಬೇರೆ. ನಡುವಯಸ್ಸಿನ ಏಳೆಂಟು ಮಂದಿ ಗಾಡಿಯ ಮೇಲೆ ನಿಂತು, ಉಸಿರು ಬಿಗಿಹಿಡಿದು, ಕಲ್ಲುಗುಂಡುಗಳ ನಡುವೆ ನಾನು ನಡೆಯುವುದಕ್ಕಿಂತ ನಿಧಾನವಾಗಿ ಸಾಗುತ್ತಿದ್ದರು. ಒಬ್ಬರು ಒಂದೇ ಕಡೆ ಅಲ್ಲಾಡದೆ ನಿಂತೇ ಇದ್ದರು. ಅದನ್ನೇ ಎಲ್ಲರೂ ಶಭಾಷ್ ಎಂದು ಹೊಗಳುತ್ತಿದ್ದರು. ವೇಗಕ್ಕೆ ಇಲ್ಲಿ ಕಾಸಿನ ಮರ್ಯಾದೆ ಇಲ್ಲ. ಕಾಲು ನೆಲಕ್ಕೆ ತಾಗಿದರೆ ಒಂದು ಅಂಕ, ಮತ್ತೆ ತಾಗಿದರೆ ಇನ್ನೊಂದು, ಆಮೇಲೆ ಎಷ್ಟು ಸಲ ತಾಗಿದರೂ ಒಟ್ಟು ಮೂರೇ. ಬಿದ್ದು ಆಟ ಪೂರ್ತಿ ಕೆಟ್ಟರೆ ಐದು. ಕೊನೆಗೆ ಕಡಿಮೆ ಅಂಕ ಪಡೆದವನೇ ಗೆದ್ದವನು. ಸೊನ್ನೆಗೆ ಇಷ್ಟೊಂದು ಗೌರವ ಸಿಗುವ ಜಾಗವೊಂದಿದೆಯೆಂದು ತಿಳಿದು ಗಣಿತದ ಮೇಡಂ ಹಿರಿಹಿರಿ ಹಿಗ್ಗಿದಳು. ನನಗಂತೂ ಎದೆಯ ಮೇಲಿನ ಬಂಡೆಯೊಂದನ್ನು ಅಲ್ಲಿನ ಬಂಡೆಗಳ ಸಾಲಿಗೆ ಸೇರಿಸಿ ಬಂದಷ್ಟು ಹಗುರವಾಯಿತು.

ಆಮೇಲಿನದು ಗಾಡಿಯ ಆಯ್ಕೆ. ಇಂಥವು ನಮ್ಮ ಕಡೆಯ ಶೋರೂಮುಗಳಲ್ಲಿ ಸಿಗುವುದಿಲ್ಲ. ಹೊರದೇಶದಿಂದ ಯಾವಾಗಲೋ ಬಂದವು ಹವ್ಯಾಸಿಗಳಲ್ಲೇ ಕೈಯಿಂದ ಕೈಗೆ ದಾಟುತ್ತವೆ. ಡಾಕ್ಟರ ಮನೆಯಂಗಳದಲ್ಲಿ ಎರಡು ನಿಂತಿದ್ದವು. ಒಂದು ಮದುಮಗನಂತೆ ಹೊಳೆಯುವ ಕೆಂಪು ಬಣ್ಣದ, ದೊಡ್ಡ ಎಂಜಿನ್ನಿನದು; ಇನ್ನೊಂದು ಸಣ್ಣ ಎಂಜಿನ್ನಿನ, ಬಣ್ಣ ಮಾಸಿದ, ಮೈಯೆಲ್ಲ ಗೀರುಗಳ ಬಡಕಲು. ಮಕ್ಕಳಿಗೆ ಬೆಳೆಯುವ ಅಳತೆಗೆ ಅಂಗಿ ಹೊಲಿಸುವ ಪರಂಪರೆಯಿಂದ ಬಂದ ನಾನು ಗಂಭೀರವಾಗಿ, "ದೊಡ್ಡದನ್ನೇ ತಗೊಂಡ್ರೆ ಮುಂದೆ ಬದಲಿಸೋದು ತಪ್ಪುತ್ತೆ" ಎಂದೆ.

"ಬ್ಯಾಡ್ರಿ ಸರ್," ಎಂದರು ಡಾಕ್ಟರು. "ದೊಡ್ಡದು ಒಂಚೂರು ಕೈ ತಿರುವಿದ್ರೆ ನೆಗದುಬಿಡ್ತೈತಿ. ಮೊದಲನೇ ಗಾಡಿ ನಮ್ಮ ಮಾತು ಕೇಳೋ ಹಂಗಿರಬೇಕು. ಮೇಡಂ, ಎರಡೂ ನೀವೇ ಸ್ಟಾರ್ಟ್ ಮಾಡಿ ನೋಡ್ರಿ, ಆಮೇಲೆ ಹೇಳ್ರಿ."

ಕೆಂಪು ಗಾಡಿಯ ಕಿಕ್ಕರು ಅವಳ ಕಾಲನ್ನು ಒದ್ದು ಹಿಂದಕ್ಕೆ ಕಳಿಸಿತು. ಕ್ಲಚ್ಚು ಹಿಡಿಯಲು ನಾಲ್ಕೂ ಬೆರಳು ಬೇಕಾದವು. ಬಡಕಲಿನದು ಒಂದೇ ಒದೆತಕ್ಕೆ ಗುರುಗುಟ್ಟಿತು. ಕ್ಲಚ್ಚು ಒಂದೇ ಬೆರಳಿಗೆ ಬಂತು. ಕಲಿಯುವವರು ದಿನವಿಡೀ ಕ್ಲಚ್ಚನ್ನೇ ಮಿಡಿಯುತ್ತಿರಬೇಕಾದ್ದರಿಂದ ಅದು ಸಣ್ಣ ಮಾತಲ್ಲವಂತೆ. ಡಾಕ್ಟರು ಅದನ್ನು ಮಗ್ಗುಲಿಗೆ ಮಲಗಿಸಿ, ಎಂಜಿನ್ನಿನ ಅಡಿಯ ತಗಡು, ಚಕ್ರದ ಕಡ್ಡಿಗಳು, ಚೌಕಟ್ಟಿನ ಬೆಸುಗೆ ಎಲ್ಲವನ್ನೂ ಹಲ್ಲು ನೋಡುವ ಟಾರ್ಚಿನಿಂದಲೇ ಪರೀಕ್ಷಿಸಿ, "ಹುಳುಕಿಲ್ಲ" ಎಂದು ತೀರ್ಪಿತ್ತರು. ಗಿರಿಜಾ ಗೀರುಗಳ ಮೇಲೆ ಕೈಯಾಡಿಸಿ, "ಇದು ಆಗಲೇ ಬಿದ್ದು ಎದ್ದೈತೆ ಬಿಡ್ರಿ. ನನಗೆ ಇದೇ ಇರ್ಲಿ" ಎಂದಳು.

ಮೊದಲು ಕೊಂಡದ್ದು ಹೆಲ್ಮೆಟ್ಟು, ಕಣಕಾಲು ಮುಚ್ಚುವ ದಪ್ಪ ಬೂಟು, ಕೈಗವಸು. ಮೊದಲ ಪಾಠದಲ್ಲಿ ಎಂಜಿನ್ನೇ ಇಲ್ಲ; ಗೋಡೆಯ ಪಕ್ಕದಲ್ಲಿ, ಅದನ್ನು ಮುಟ್ಟದೆ, ಗಾಡಿಯ ಮೇಲೆ ಸುಮ್ಮನೆ ನಿಲ್ಲುವುದು. ಆಮೇಲೆ ಖಾಲಿ ಸೈಟಿನಲ್ಲಿ ಎರಡು ಇಟ್ಟಿಗೆಗಳ ಸುತ್ತ ಎಂಟರ ಆಕಾರ. ಕೆಳಗೆ ನೋಡಿದರೆ ಬೀಳುತ್ತೀರಿ, ಮುಂದೆ ಹೋಗಬೇಕಾದ ಜಾಗವನ್ನು ತಲೆಯೆತ್ತಿ ನೋಡಿ ಎಂಬುದು ಡಾಕ್ಟರ ಒಂದೇ ಮಂತ್ರ. ನಾನು ನೀರಿನ ಬಾಟಲಿ, ಅರಿಶಿನದ ಪುಡಿ, ಬ್ಯಾಂಡೇಜುಗಳ ಚೀಲ ಹಿಡಿದು ಬದಿಯಲ್ಲಿ ಕೂರುತ್ತಿದ್ದೆ. ಕೆಲವು ತಿಂಗಳ ಮೇಲೆ ಅವಳು ಊಟ ಬಡಿಸುತ್ತ, ಏನೂ ವಿಶೇಷವಿಲ್ಲವೆಂಬಂತೆ, "ಇವತ್ತು ಬೋರ್ಡಿನ ಮ್ಯಾಲಿಂದ ಬರದೆ. ಹಿಂದಿನ ಬೆಂಚಿನವರು ಕೂತೇ ಬರ್ಕೊಂಡ್ರು" ಎಂದಳು. ನಾನು ಸಾರಿಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಂಡೆ.

ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಗುಂಪಿನವರೇ ಸೇರಿ ಸ್ಪರ್ಧೆಯೊಂದನ್ನು ಇಟ್ಟುಕೊಂಡರು. ಎರಡೂ ಬದಿ ಹಗ್ಗ ಕಟ್ಟಿ ಗುರುತಿಸಿದ ನಾಲ್ಕಾರು ದಾರಿಗಳು. ಪ್ರತಿಯೊಂದರಲ್ಲೂ ಅಂಕ ಹಾಕಲು ಒಬ್ಬರು. ಮೊದಲ ದಾರಿಯನ್ನು ಗಿರಿಜಾ ಮೂರು ಅಂಕಕ್ಕೆ ಮುಗಿಸಿದಳು. ಎರಡನೆಯದು ಮೊಣಕಾಲುದ್ದದ ನೀರು ದಾಟಿ ಕಲ್ಲಿನ ಇಳಿಜಾರು ಹತ್ತುವುದು. ಅರ್ಧ ಹತ್ತಿದ ಗಾಡಿ ನಿಂತಿತು, ಹಿಂದಕ್ಕೆ ವಾಲಿತು, ಅವಳ ಎಡಗಾಲು ಆಸರೆಗಾಗಿ ಗಾಳಿಯಲ್ಲಿ ತಡಕಿತು. ಆಮೇಲೆ ಏನಾಯಿತೆಂದು ನನಗೇ ಗೊತ್ತಿಲ್ಲ. ಹಗ್ಗದ ಅಡಿ ನುಸುಳಿ, ಚಪ್ಪಲಿಯೊಂದನ್ನು ತುಂಗಭದ್ರೆಗೆ ಅರ್ಪಿಸಿ, ನೀರಿನಲ್ಲಿ ದಡಬಡ ಓಡಿ, ಅವಳ ತೋಳನ್ನು ಗಟ್ಟಿಯಾಗಿ ಹಿಡಿದಿದ್ದೆ. ಅವಳೋ ಆಗಲೇ ಒಂದು ಕಾಲೂರಿ ಭದ್ರವಾಗಿ ನಿಂತಿದ್ದಳು.

"ಐದು ಸರ್," ಎಂದರು ಅಂಕ ಹಾಕುತ್ತಿದ್ದ ಭಾನುವಳ್ಳಿಯ ಚಂದ್ರಪ್ಪ. ಭತ್ತದ ರೈತರು, ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಿಸುವವರು.

"ಏನ್ರಿ ಐದು?"

"ಹೊರಗಿನವರು ಮುಟ್ಟಿದ್ರೆ ಮೇಡಂಗೆ ಐದು ಅಂಕ."

"ನಾನು ಹೊರಗಿನವನಲ್ರಿ, ಗಂಡ!"

"ಹಗ್ಗದಿಂದ ಆಚೆ ಇರೋರೆಲ್ಲ ಹೊರಗಿನವರೇ ಸರ್."

ಎಲ್ಲರೂ ನಕ್ಕರು, ಗಿರಿಜಾ ನಗಲಿಲ್ಲ. ನನ್ನ ಕೈಯನ್ನು ತನ್ನ ತೋಳಿನಿಂದ ಮೆಲ್ಲಗೆ ಬಿಡಿಸಿ, ಬೇರೆ ಯಾರಿಗೂ ಕೇಳದಂತೆ ಹೇಳಿದಳು: "ರೀ, ನೀವು ಹಿಡ್ಕೊಂಡ್ರೆ ನಾನು ಬೀಳ್ತಿದ್ನೋ ಇಲ್ವೋ ಅನ್ನೋದು ನನಗೆ ಗೊತ್ತೇ ಆಗಲ್ಲ."

ಅಂಕಕ್ಕಿಂತ ಹೆಚ್ಚಾಗಿ ನಾಟಿದ್ದು ಆ ಮಾತು. ಒದ್ದೆ ಪಂಚೆ ಹಿಂಡಿಕೊಂಡು, ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಹೋಗಿ, ಕೊನೆಯ ದಾರಿಯ ಬದಿಯ ಬಂಡೆಯೊಂದರ ಮೇಲೆ ಕುಳಿತೆ. ಕೈಗಳನ್ನು ನಂಬುವಂತಿರಲಿಲ್ಲವಾದ್ದರಿಂದ ತೊಡೆಯ ಅಡಿ ಇಟ್ಟುಕೊಂಡೆ. ಕೊನೆಯದರಲ್ಲಿ ಎರಡು ಕಲ್ಲುಗುಂಡುಗಳ ನಡುವೆ ತೂರಿ, ಕಲ್ಲಿನ ಮೆಟ್ಟಿಲೊಂದರಿಂದ ಮರಳಿಗೆ ಇಳಿಯಬೇಕು. ಅವಳು ಬಂದಳು, ತೂರಿದಳು, ಮೆಟ್ಟಿಲ ಅಂಚಿನಲ್ಲಿ ಒಂದು ಕ್ಷಣ ನಿಂತು ತಲೆಯೆತ್ತಿ ಮುಂದೆ ನೋಡಿದಳು, ಇಳಿದಳು. ಮುಂದಿನ ಚಕ್ರ ಮರಳಿನಲ್ಲಿ ಹೂತಿತು. ಗಾಡಿ ಒಂದು ಕಡೆ, ಅವಳು ಒಂದು ಕಡೆ.

ಎಲ್ಲರೂ ತಿರುಗಿ ನೋಡಿದ್ದು ಅವಳನ್ನಲ್ಲ, ನನ್ನನ್ನು. ನಾನು ಏಳಲಿಲ್ಲ. ಗಿರಿಜಾ ಮರಳಿನ ಮೇಲೆ ಅಂಗಾತ, ಮುಖ ಆಕಾಶಕ್ಕೆ ಮಾಡಿ, ವರ್ಷಕ್ಕೂ ಮೇಲಾಗಿ ಮಲಗಿರದ ಭಂಗಿಯಲ್ಲಿ, ದಿಂಬಿಲ್ಲದೆ ಬಿದ್ದಿದ್ದಳು. ಅಲುಗಾಡಲಿಲ್ಲ. ತಿರುಗತೊಡಗಿತೇ? ಹೊಳೆ, ದಂಡೆ, ಆಕಾಶ ಎಲ್ಲ ಮತ್ತೆ ಅವಳ ಸುತ್ತ ಗಿರಗಿರನೆ ಸುತ್ತುತ್ತಿವೆಯೇ? ತೊಡೆಯ ಅಡಿಯ ಕೈಗಳ ಮೇಲೆ ಮೈಭಾರವನ್ನೆಲ್ಲ ಹಾಕಿ ಕುಳಿತೆ.

ಆಗ ಕೈಗವಸಿನ ಒಂದು ಕೈ ಮೇಲೆದ್ದಿತು.

"ರೀ!" ಎಂದು ಅವಳು ಹೊಳೆಯಾಚೆಗೂ ಕೇಳುವಂತೆ ಕೂಗಿದಳು. "ಏನೂ ತಿರುಗ್ತಾ ಇಲ್ರಿ! ಎಲ್ಲಾ ನಿಂತಲ್ಲೇ ಐತೆ!"

ಹಾಗೆಂದು ಮಲಗಿದಲ್ಲೇ ನಗತೊಡಗಿದಳು. ಡಾಕ್ಟರು ಶಿಳ್ಳೆ ಹಾಕಿದರು. ಅವಳಿಗೆ ಎಲ್ಲವೂ ನಿಚ್ಚಳವಾಗಿ ನಿಂತಿದ್ದ ಆ ಹೊತ್ತಿನಲ್ಲಿ ಹೊಳೆಯೂ ಬಂಡೆಯೂ ಜನರೂ ಕಲಸಿಹೋಗಿ ಕಂಡದ್ದು ನನ್ನೊಬ್ಬನಿಗೇ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ಕೂತಲ್ಲೇ ಕೂತು, ಅವಳು ತಾನಾಗಿ ಏಳುವುದನ್ನು ಕಾದೆ.